ಮಗು ಮತ್ತು ತಾಯಿ: ಸಂತ ಜೋಸೆಫರು ಕಲಿಸುವ ವಿವೇಚನೆ



ಮೇ 1ರಂದು ಧರ್ಮಸಭೆ ಕಾರ್ಮಿಕ ಸಂತ ಜೋಸೆಫರ ಹಬ್ಬವನ್ನು ಆಚರಿಸುತ್ತದೆ. ಲೋಕವು ಕಾರ್ಮಿಕರ ದಿನವೆಂದು ಆಚರಿಸುತ್ತಿದ್ದ ಈ ದಿನವನ್ನು 1955ರಲ್ಲಿ ಜಗದ್ಗುರು 12ನೇ ಪಯಸ್‌ರವರು ಸಂತ ಜೋಸೆಫರ ಹೆಸರಿಗೆ ಸಮರ್ಪಿಸಿದರು. ವಾಡಿ, ಶಹಾಬಾದ್, ಸೇಡಂ, ಚಿತ್ತಾಪುರ, ಚಿಂಚೋಳಿ ಭಾಗದ ನಮಗೆ ಈ ಹಬ್ಬ ಬಹಳ ಹತ್ತಿರದ್ದು. ಸಿಮೆಂಟ್ ಕಾರ್ಖಾನೆಯ ಪಾಳಿ, ರೈಲ್ವೆಯ ನೌಕರಿ, ಫರಸಿ ಕಲ್ಲಿನ ಗಣಿ, ತೊಗರಿಯ ಹೊಲ, ಇವುಗಳಿಂದಲೇ ಇಲ್ಲಿನ ಮನೆಗಳ ಒಲೆ ಉರಿಯುತ್ತದೆ. ಬಡಗಿ ಜೋಸೆಫರನ್ನು ನಾವು ದುಡಿಮೆಯ ಮಾದರಿಯಾಗಿ ಸ್ಮರಿಸುತ್ತೇವೆ. ಈ ಹಬ್ಬದಲ್ಲಿ ಅವರ ಇನ್ನೊಂದು ಗುಣವನ್ನು ಧ್ಯಾನಿಸೋಣ. ಅದೇ ವಿವೇಚನೆ.

ವಿವೇಚನೆ ಎಂದರೇನು? ನಮ್ಮ ತಾಯಂದಿರು ತೊಗರಿಬೇಳೆಯನ್ನು ಮೊರದಲ್ಲಿ ಹಾಕಿಕೊಂಡು ಹಸನು ಮಾಡುವುದನ್ನು ನೋಡಿದವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ. ಹರಳು ಕಂಡಿತೆಂದು ಅವರು ಬೇಳೆಯನ್ನೇ ಚೆಲ್ಲುವುದಿಲ್ಲ. ಹರಳುಸಮೇತ ಬೇಯಲು ಇಡುವುದೂ ಇಲ್ಲ. ಕಣ್ಣಿಟ್ಟು, ಕೈಯಾಡಿಸಿ, ಬೇಡದ್ದನ್ನು ಆರಿಸಿ ತೆಗೆಯುತ್ತಾರೆ. ಹೊಸದೆಲ್ಲವನ್ನೂ ತಳ್ಳಿಹಾಕದೆ, ಕಣ್ಣುಮುಚ್ಚಿ ನಂಬದೆ, ಪರೀಕ್ಷಿಸಿ ಒಳಿತನ್ನು ಉಳಿಸಿಕೊಳ್ಳಬೇಕೆಂದು ಸಂತ ಪೌಲರು ಥೆಸಲೋನಿಕದ ಕ್ರೈಸ್ತರಿಗೆ ಬುದ್ಧಿ ಹೇಳಿದ್ದಾರೆ (1 ಥೆಸ. 5:19-22). ಅಲ್ಲಿ ಅವರು ಬಳಸಿದ ಗ್ರೀಕ್ ಪದವನ್ನು ಲೋಹವನ್ನು, ನಾಣ್ಯವನ್ನು ಒರೆಗೆ ಹಚ್ಚಿ ನೋಡುವುದಕ್ಕೂ ಬಳಸುತ್ತಿದ್ದರು.

ಪ್ರಭು ಯೇಸುವಂತೂ ಈ ವಿಷಯದಲ್ಲಿ ಜನರನ್ನು ಗದರಿಸಿದರು. ಮೋಡ ನೋಡಿ ಮಳೆಯನ್ನು, ಗಾಳಿಯ ದಿಕ್ಕು ನೋಡಿ ಸೆಕೆಯನ್ನು ಊಹಿಸಬಲ್ಲವರು ತಮ್ಮ ಕಾಲದ ಅರ್ಥವನ್ನು ಮಾತ್ರ ತಿಳಿಯದೇ ಹೋದರಲ್ಲ ಎಂಬುದು ಅವರ ವ್ಯಥೆ (ಲೂಕ 12:54-56). ಮುಂಗಾರಿನ ಮೋಡ ನೋಡಿ ತೊಗರಿ ಬಿತ್ತನೆಗೆ ಅಣಿಯಾಗುವ ನಮಗೂ ಈ ಮಾತು ಸಲ್ಲುತ್ತದೆ.

ಈಗ ಸಂತ ಜೋಸೆಫರನ್ನು ನೋಡೋಣ. ಶುಭಸಂದೇಶಗಳಲ್ಲಿ ಅವರು ಆಡಿದ ಒಂದು ಮಾತೂ ದಾಖಲಾಗಿಲ್ಲ. ಅವರು ಕೈಗೊಂಡ ತೀರ್ಮಾನಗಳು ಮಾತ್ರ ದಾಖಲಾಗಿವೆ.

ಮೊದಲನೆಯದು, ಮರಿಯಮ್ಮನವರು ಗರ್ಭವತಿ ಎಂದು ತಿಳಿದಾಗಿನದು. ಅವರನ್ನು ಬಹಿರಂಗವಾಗಿ ಅವಮಾನಪಡಿಸಲು ಜೋಸೆಫರಿಗೆ ಮನಸ್ಸಿರಲಿಲ್ಲ. ಸದ್ದಿಲ್ಲದೆ ಸಂಬಂಧ ಬಿಡಬೇಕೆಂದು ಯೋಚಿಸಿದರು. ಆದರೆ ಆ ಯೋಚನೆಯನ್ನು ಕೂಡಲೇ ಕಾರ್ಯಕ್ಕಿಳಿಸಲಿಲ್ಲ. ಅದನ್ನು ಮನಸ್ಸಿನಲ್ಲಿ ತೂಗುತ್ತಿರುವಾಗಲೇ ದೇವದೂತನ ಸಂದೇಶ ಬಂದಿತು (ಮತ್ತಾಯ 1:19-24). ಆತುರಪಟ್ಟಿದ್ದರೆ ದೇವರ ಮಾತಿಗೆ ಅಲ್ಲಿ ಎಡೆಯೇ ಇರುತ್ತಿರಲಿಲ್ಲ.

ಎರಡನೆಯದು, ಹೆರೋದನು ಮಗುವನ್ನು ಕೊಲ್ಲಲು ಹುಡುಕುತ್ತಿದ್ದಾನೆಂಬ ಎಚ್ಚರಿಕೆ ಬಂದಾಗಿನದು. ಆಗ ಜೋಸೆಫರು ಬೆಳಗಾಗಲೆಂದು ಕಾಯಲಿಲ್ಲ. ಆ ರಾತ್ರಿಯೇ ಎದ್ದು ಈಜಿಪ್ಟಿನ ದಾರಿ ಹಿಡಿದರು (ಮತ್ತಾಯ 2:13-15). ಕಾಯಬೇಕಾದಾಗ ಕಾದವರು, ಹೊರಡಬೇಕಾದಾಗ ತಡಮಾಡಲಿಲ್ಲ.

ಮೂರನೆಯದನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ. ಹೆರೋದನು ಸತ್ತ ಮೇಲೆ ಇಸ್ರಯೇಲ್ ನಾಡಿಗೆ ಹಿಂದಿರುಗಲು ದೇವದೂತನು ತಿಳಿಸಿದನು. ಜೋಸೆಫರು ಹೊರಟರು. ಆದರೆ ಜುದೇಯದಲ್ಲಿ ಹೆರೋದನ ಮಗ ಅರ್ಕೆಲಾಯನು ಆಳುತ್ತಿದ್ದಾನೆಂಬ ಸುದ್ದಿ ಕೇಳಿ ಅಲ್ಲಿಗೆ ಹೋಗಲು ಅಂಜಿದರು. ಕನಸಿನಲ್ಲಿ ಮತ್ತೆ ಎಚ್ಚರಿಕೆ ದೊರೆತು, ಗಲಿಲೇಯದ ನಜರೇತಿನಲ್ಲಿ ನೆಲೆಸಿದರು (ಮತ್ತಾಯ 2:19-23). ಅವರ ಅಂಜಿಕೆಗೆ ಆಧಾರವಿತ್ತು. ಆ ಅರ್ಕೆಲಾಯನ ಕ್ರೌರ್ಯದ ಬಗ್ಗೆ ದೂರುಗಳು ಹೆಚ್ಚಿ, ಕ್ರಿ.ಶ. 6ರಲ್ಲಿ ರೋಮ್ ಚಕ್ರವರ್ತಿಯೇ ಅವನನ್ನು ಪದಚ್ಯುತಗೊಳಿಸಿದನು. ದೇವರ ಮಾತನ್ನು ಕೇಳಿದ ಕಿವಿಯಿಂದಲೇ ಜೋಸೆಫರು ನಾಡಿನ ಸುದ್ದಿಯನ್ನೂ ಕೇಳಿದರು. ವಿಶ್ವಾಸಿಯಾದವನು ಲೋಕದ ಸ್ಥಿತಿಗತಿ ತಿಳಿಯಬೇಕಿಲ್ಲ ಎಂದು ಅವರು ಭಾವಿಸಲಿಲ್ಲ.

ಇಷ್ಟಕ್ಕೂ ಅವರ ಒರೆಗಲ್ಲು ಯಾವುದಾಗಿತ್ತು? ಮತ್ತಾಯನ ಎರಡನೆಯ ಅಧ್ಯಾಯವನ್ನು ನಿಧಾನವಾಗಿ ಓದಿದರೆ, ಹೋಗುವಾಗಲೂ ಬರುವಾಗಲೂ ‘ಮಗು ಮತ್ತು ತಾಯಿ’ ಎಂಬ ಪದಗಳು ಮತ್ತೆ ಮತ್ತೆ ಬರುತ್ತವೆ. ತಮ್ಮ ಮಾನ, ಅಂಗಡಿ, ಸ್ವಂತ ಊರು ಇವೆಲ್ಲ ಆಮೇಲಿನವು. ದೇವರು ತಮ್ಮ ಕೈಗೆ ಒಪ್ಪಿಸಿದ ಜೀವಗಳಿಗೆ ಯಾವ ದಾರಿ ಕ್ಷೇಮ ಎಂಬುದೇ ಅವರ ಪ್ರಶ್ನೆ.

ಧರ್ಮಸಭೆಯೂ ತನ್ನ ಕಾಲವನ್ನು ಹೀಗೆಯೇ ಪರಿಶೀಲಿಸುತ್ತ ಬಂದಿದೆ. ಯೂರೋಪಿನಲ್ಲಿ ಕಾರ್ಖಾನೆಗಳು ಹೆಚ್ಚಿ ಕಾರ್ಮಿಕರು ಬಳಲುತ್ತಿದ್ದಾಗ, 1891ರ ಮೇ 15ರಂದು ಜಗದ್ಗುರು 13ನೇ ಲಿಯೋರವರು ‘ರೇರುಂ ನೊವಾರುಂ’ ಎಂಬ ವಿಶ್ವಪತ್ರವನ್ನು ಹೊರಡಿಸಿದರು. ಕಾರ್ಖಾನೆಗಳೇ ಬೇಡವೆಂದು ಅವರು ಹೇಳಲಿಲ್ಲ. ನ್ಯಾಯವಾದ ಕೂಲಿ, ವಿಶ್ರಾಂತಿ, ಸಂಘ ಕಟ್ಟುವ ಹಕ್ಕು ಇವು ಕಾರ್ಮಿಕನಿಗೆ ಸಲ್ಲಬೇಕೆಂದರು. ದ್ವಿತೀಯ ವ್ಯಾಟಿಕನ್ ಮಹಾಸಭೆಯು 1965ರಲ್ಲಿ, ಕಾಲದ ಕುರುಹುಗಳನ್ನು ಶುಭಸಂದೇಶದ ಬೆಳಕಿನಲ್ಲಿ ಅರಿಯುವುದು ಧರ್ಮಸಭೆಯ ನಿತ್ಯ ಕರ್ತವ್ಯವೆಂದು ಬೋಧಿಸಿತು. 2025ರ ಮೇ 8ರಂದು ಆಯ್ಕೆಯಾದ ಜಗದ್ಗುರು 14ನೇ ಲಿಯೋರವರು, ಕೃತಕ ಬುದ್ಧಿಮತ್ತೆಯ ಈ ಯುಗದಲ್ಲಿ ದುಡಿಮೆಯ ಘನತೆಯನ್ನು ಕಾಯಬೇಕಾಗಿದೆ ಎಂಬ ಕಾರಣಕ್ಕಾಗಿಯೇ ಆ ಹೆಸರನ್ನು ಆರಿಸಿಕೊಂಡುದಾಗಿ ತಿಳಿಸಿದರು.

ಬದಲಾವಣೆ ವಾಡಿಗೆ ಹೊಸದಲ್ಲ. 1874ರಲ್ಲಿ ಸಿಕಂದರಾಬಾದಿನಿಂದ ಬಂದ ನಿಜಾಮರ ರೈಲುದಾರಿ ಮುಂಬೈ-ಮದ್ರಾಸ್ ದಾರಿಯನ್ನು ಕೂಡಿದಾಗ ಇದು ಜಂಕ್ಷನ್ ಆಯಿತು. 1968ರಲ್ಲಿ ಎಸಿಸಿ ಸಿಮೆಂಟ್ ಕಾರ್ಖಾನೆ ಆರಂಭವಾಗಿ ಊರಿನ ಚಹರೆಯೇ ಬದಲಾಯಿತು. 2022ರಲ್ಲಿ ಆ ಕಂಪನಿಯ ಒಡೆತನ ಅದಾನಿ ಸಮೂಹಕ್ಕೆ ಹೋಯಿತು. ನಮ್ಮ ನಿಲ್ದಾಣದಿಂದ ಒಂದು ಬಂಡಿ ಹೈದರಾಬಾದಿಗೆ, ಇನ್ನೊಂದು ಸೊಲ್ಲಾಪುರ-ಮುಂಬೈಗೆ, ಮತ್ತೊಂದು ರಾಯಚೂರಿನ ಕಡೆಗೆ ಹೊರಡುತ್ತದೆ. ಮುಂದೆ ನಿಂತಿದೆ ಎಂದು ಯಾರೂ ಯಾವುದೋ ಬಂಡಿ ಹತ್ತುವುದಿಲ್ಲ. ಎಲ್ಲಿಗೆ ಹೋಗುತ್ತದೆಂದು ಕೇಳಿಯೇ ಹತ್ತುತ್ತೇವೆ. ಮನೆಯ ತೀರ್ಮಾನಗಳಲ್ಲಿ ಈ ಎಚ್ಚರ ಇದೆಯೇ?

ಸಾಲದ ವಿಷಯವನ್ನೇ ತೆಗೆದುಕೊಳ್ಳೋಣ. ಮೊಬೈಲಿನಲ್ಲಿ ಎರಡು ನಿಮಿಷದಲ್ಲಿ ಸಾಲ ಎಂಬ ಜಾಹೀರಾತು ಬರುತ್ತದೆ. ಮಗಳ ಮದುವೆಯೋ ಆಸ್ಪತ್ರೆಯ ಖರ್ಚೋ ಎದುರಿಗೆ ನಿಂತಾಗ ಬೆರಳು ತಾನಾಗಿ ಅತ್ತ ಹೋಗುತ್ತದೆ. ರಿಸರ್ವ್ ಬ್ಯಾಂಕಿನ ನಿಯಮಗಳಂತೆ, ಇಂಥ ಸಾಲ ಕೊಡುವವರು ವರ್ಷದ ಒಟ್ಟು ವೆಚ್ಚದ ದರವನ್ನು ಮೊದಲೇ ಬರಹದಲ್ಲಿ ತಿಳಿಸಬೇಕು. ನಮ್ಮ ಫೋನಿನಲ್ಲಿರುವ ನೆಂಟರಿಷ್ಟರ ನಂಬರುಗಳಿಗೆ ಕೈಹಾಕಬಾರದು. ಈ ಎರಡನ್ನೂ ಪಾಲಿಸದ ಆ್ಯಪ್ ಯಾವುದೇ ಇರಲಿ, ಅದು ಬೇಳೆಯಲ್ಲ, ಹರಳು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಕಾನೂನು ಮಾಡಿ ನಿಷೇಧಿಸಿತು. ಕಾನೂನು ಬಂದರೂ ಸುಲಭದ ದುಡ್ಡಿನ ಆಸೆ ಒಳಗೆ ಉಳಿದೇ ಇರುತ್ತದೆ. ಅದನ್ನು ಮನೆಯಲ್ಲಿಯೇ ಮಾತಾಡಿ ತಿದ್ದಬೇಕು.

ಪೊಲೀಸರೆಂದು ಹೇಳಿಕೊಂಡು ವಿಡಿಯೋ ಕರೆ ಮಾಡಿ ‘ಡಿಜಿಟಲ್ ಅರೆಸ್ಟ್’ ಎಂದು ಹೆದರಿಸುವವರೂ ಇದ್ದಾರೆ. ಅಂಥ ಬಂಧನ ನಮ್ಮ ಕಾನೂನಿನಲ್ಲಿ ಇಲ್ಲವೇ ಇಲ್ಲ. ಯಾರಿಗೂ ಹೇಳಬೇಡ, ಈಗಲೇ ಹಣ ಹಾಕು ಎನ್ನುವ ಧ್ವನಿಯನ್ನು ನಂಬಬೇಡಿ. ಕರೆಯನ್ನು ಕತ್ತರಿಸಿ, ಮನೆಯವರಿಗೆ ತಿಳಿಸಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ.

ಇನ್ನು ಮಕ್ಕಳ ಭವಿಷ್ಯ. ಬೆಂಗಳೂರು, ಪುಣೆ, ಹೈದರಾಬಾದಿಗೆ ಮಗನನ್ನು ಕಳುಹಿಸಬೇಕೇ, ಮಗಳನ್ನು ದೂರದ ಕಾಲೇಜಿಗೆ ಸೇರಿಸಬೇಕೇ? ಇದರಲ್ಲಿ ಹೋಗುವುದು ಪಾಪವೂ ಅಲ್ಲ, ಉಳಿಯುವುದು ಪುಣ್ಯವೂ ಅಲ್ಲ. ತಿರುಕುಟುಂಬವೂ ವಲಸೆ ಹೋದ ಕುಟುಂಬವೇ. ಇಂಥಲ್ಲಿ ನಾಲ್ಕು ಹೆಜ್ಜೆಗಳು ನಮಗೆ ನೆರವಾಗುತ್ತವೆ. ಮೊದಲು, ಮನೆಮಂದಿ ಕೂಡಿ ಪ್ರಾರ್ಥಿಸಿ, ಒಂದೆರಡು ದಿನವಾದರೂ ಕಾಯೋಣ. ಎರಡನೆಯದಾಗಿ, ಸಂಬಳವೆಷ್ಟು, ವಸತಿ ಎಲ್ಲಿ, ಭಾನುವಾರದ ಬಲಿಪೂಜೆಗೆ ಹತ್ತಿರದಲ್ಲಿ ದೇವಾಲಯವಿದೆಯೇ ಎಂದು ನಿಜಸಂಗತಿ ವಿಚಾರಿಸೋಣ. ಮೂರನೆಯದಾಗಿ, ಹಿರಿಯರ, ಗುರುಗಳ, ಅಲ್ಲಿ ಹೋಗಿ ಬಂದವರ ಸಲಹೆ ಕೇಳೋಣ. ಹೋಗಬೇಕಾದ ಮಕ್ಕಳ ಮಾತನ್ನಂತೂ ತಪ್ಪದೆ ಕೇಳೋಣ. ನಾಲ್ಕನೆಯದಾಗಿ, ಮನಸ್ಸು ಕುಗ್ಗಿರುವಾಗ ಹಿಂದೆ ಶಾಂತಚಿತ್ತದಿಂದ ಮಾಡಿದ ತೀರ್ಮಾನವನ್ನು ಬದಲಿಸದಿರೋಣ. ಈ ಕೊನೆಯದು ಸಂತ ಇಗ್ನೇಷಿಯಸ್ ಲೊಯೋಲರ ಪ್ರಸಿದ್ಧ ಸೂತ್ರ. 1521ರಲ್ಲಿ ಯುದ್ಧದಲ್ಲಿ ಕಾಲು ಮುರಿದು ಹಾಸಿಗೆ ಹಿಡಿದಿದ್ದಾಗ, ಯಾವ ಯೋಚನೆಯ ಸಂತೋಷ ಬೇಗ ಒಣಗುತ್ತದೆ, ಯಾವುದು ಉಳಿಯುತ್ತದೆ ಎಂದು ಗಮನಿಸುತ್ತಲೇ ಅವರು ವಿವೇಚನೆಯನ್ನು ಕಲಿತರು.

ಪ್ರಿಯರೇ, ಅರಸ ಸೊಲೊಮೋನನು ದೇವರಲ್ಲಿ ಐಶ್ವರ್ಯವನ್ನೂ ದೀರ್ಘಾಯುಸ್ಸನ್ನೂ ಕೇಳದೆ, ಒಳಿತು ಕೆಡುಕುಗಳನ್ನು ಬಿಡಿಸಿ ನೋಡುವ ಹೃದಯವನ್ನು ಬೇಡಿದನು (1 ಅರಸುಗಳು 3:9-11). ಈ ಹಬ್ಬದ ಬಲಿಪೂಜೆಯಲ್ಲಿ ನಾವೂ ಅದನ್ನೇ ಬೇಡೋಣ. ಪ್ರತಿಯೊಬ್ಬ ತಂದೆಯೂ ತಾಯಿಯೂ ತಮ್ಮ ಮನೆಯ ಮುಂದಿರುವ ಒಂದು ತೀರ್ಮಾನವನ್ನು ಸಂತ ಜೋಸೆಫರ ಮುಂದಿಟ್ಟು, ಇದರಿಂದ ನನ್ನ ಕೈಗೊಪ್ಪಿಸಿದ ಜೀವಗಳಿಗೆ ಏನಾದೀತು ಎಂದು ಕೇಳಿಕೊಳ್ಳಲಿ. ಕಾಯುವ ತಾಳ್ಮೆಯನ್ನೂ ಎದ್ದು ಹೊರಡುವ ಧೈರ್ಯವನ್ನೂ ಪವಿತ್ರಾತ್ಮರು ನಮಗೆ ಅನುಗ್ರಹಿಸಲಿ.

ಕಾರ್ಮಿಕರ ಪಾಲಕರಾದ ಸಂತ ಜೋಸೆಫರೇ, ನಮಗಾಗಿ ಪ್ರಾರ್ಥಿಸಿರಿ. ಆಮೆನ್.