ಕಣ್ಣಿಗೆ ಬೀಳದ ಕಡೆಗೀಲುಗಳು

ದಶರಥ ಮಹಾರಾಜನು ದೇವಾಸುರರ ಯುದ್ಧದಲ್ಲಿ ತೊಡಗಿದ್ದಾಗ ಅವನ ರಥದ ಕಡೆಗೀಲು ಕಳಚಿ ಬಿದ್ದಿತೆಂದೂ, ಬಳಿಯಲ್ಲಿದ್ದ ಕೈಕೇಯಿಯು ಕೀಲಿನ ರಂಧ್ರದಲ್ಲಿ ತನ್ನ ಬೆರಳನ್ನೇ ಇರಿಸಿ ಗಾಲಿಯನ್ನು ಕಾಪಾಡಿದಳೆಂದೂ ಜನಜನಿತವಾದ ಕಥೆಯೊಂದುಂಟು. ಆ ಉಪಕಾರಕ್ಕಾಗಿ ದೊರೆತ ವರಗಳೇ ಮುಂದೆ ಶ್ರೀರಾಮನ ವನವಾಸಕ್ಕೆ ಕಾರಣವಾದುವು. ಒಂದು ಸಣ್ಣ ಕೀಲು ತನ್ನ ಸ್ಥಾನದಲ್ಲಿಯೇ ನಿಂತಿದ್ದರೆ ಅಯೋಧ್ಯೆಯ ಕಥೆಯೇ ಬೇರೆಯಾಗುತ್ತಿತ್ತೋ ಏನೋ!

ರಥಗಳ ಕಾಲ ಹೋಗಿ ಮೋಟಾರು ಸೈಕಲ್ಲುಗಳ ಕಾಲ ಬಂದಿದೆ. ಆದರೆ ಕಡೆಗೀಲಿನ ಮಹಿಮೆ ಮಾತ್ರ ಕುಗ್ಗಿಲ್ಲ. ಕಲ್ಲು, ಕೆಸರು, ಮರಳು, ದಿಬ್ಬಗಳ ಮೇಲೆ ಓಡಲೆಂದೇ ನಿರ್ಮಿತವಾದ 'ಡರ್ಟ್ ಬೈಕು'ಗಳಲ್ಲಿ ಈ ಮಾತಿನ ಸತ್ಯ ಎದ್ದು ಕಾಣುತ್ತದೆ. 1924ರಲ್ಲಿ ಇಂಗ್ಲೆಂಡಿನ ಸರ್ರೆ ಪ್ರಾಂತದ ಕ್ಯಾಂಬರ್ಲಿ ಬಳಿಯ ಬಯಲಿನಲ್ಲಿ ನಡೆದ ಪಂದ್ಯವೊಂದರಿಂದ ಈ ಕ್ರೀಡೆಯ ಚರಿತ್ರೆ ಆರಂಭವಾಯಿತೆಂದು ಹೇಳುವರು. ಅಂದಿನಿಂದ ಇಂದಿನವರೆಗೆ ಎಂಜಿನಿನ ಬಲ, ಬಣ್ಣದ ಸೊಗಸು, ನೆಗೆತದ ಎತ್ತರ, ಇವುಗಳನ್ನು ಕಂಡು ಬೆರಗಾದವರು ಅಸಂಖ್ಯ. ಹೆಬ್ಬೆರಳಿನ ಗಾತ್ರದ ಭಾಗಗಳನ್ನು ಗಮನಿಸಿದವರು ವಿರಳ.

ಟಯರಿನ ಬಿಗಿಮುಷ್ಟಿ

ಹಿಂಗಾಲಿಯ ರಿಮ್ಮಿನಲ್ಲಿ, ಗಾಳಿ ತುಂಬುವ ವಾಲ್ವಿನ ಹೊರತಾಗಿ ಇನ್ನೊಂದು ಬೋಲ್ಟೂ ತಲೆ ಹೊರಚಾಚಿರುತ್ತದೆ. ಅದಕ್ಕೆ 'ರಿಮ್ ಲಾಕ್' ಎಂದು ಹೆಸರು. ಡಾಂಬರು ರಸ್ತೆಯ ಬೈಕಿನ ಟಯರಿನಲ್ಲಿ ಚದರ ಅಂಗುಲಕ್ಕೆ ಸುಮಾರು 30 ಪೌಂಡು ಗಾಳಿ ಇರುವುದಾದರೆ, ಡರ್ಟ್ ಬೈಕಿನಲ್ಲಿ ಸಾಮಾನ್ಯವಾಗಿ 12ರಿಂದ 14 ಪೌಂಡು ಮಾತ್ರ. ಗಾಳಿ ಕಡಿಮೆಯಾದಷ್ಟೂ ಟಯರು ನೆಲವನ್ನು ಅಗಲವಾಗಿ ಅಪ್ಪಿಕೊಂಡು ಹಿಡಿತ ಸಾಧಿಸುತ್ತದೆ. ಆದರೆ ಅದೇ ಕಾರಣದಿಂದ ರಿಮ್ಮಿನ ಮೇಲೆ ಅದರ ಬಿಗಿ ಸಡಿಲವಾಗುತ್ತದೆ. ಎಂಜಿನು ರಭಸದಿಂದ ಗಾಲಿಯನ್ನು ತಿರುಗಿಸಿದಾಗ ರಿಮ್ಮು ಒಳಗೇ ಜಾರಿ, ಟಯರು ಹಿಂದುಳಿಯುತ್ತದೆ. ಟಯರಿನೊಡನೆ ಟ್ಯೂಬೂ ಸರಿದು ವಾಲ್ವು ಬುಡಸಮೇತ ಕಿತ್ತುಬರುತ್ತದೆ. ರಿಮ್ ಲಾಕಿನ ರಬ್ಬರು ಹೊದಿಸಿದ ತುಂಡು ಒಳಗಿನಿಂದ ಟಯರಿನ ಅಂಚನ್ನು ರಿಮ್ಮಿಗೆ ಒತ್ತಿ ಹಿಡಿದು ಈ ಅನರ್ಥವನ್ನು ತಪ್ಪಿಸುತ್ತದೆ.

ಇಲ್ಲಿಯೇ ಮತ್ತೊಂದು ಸ್ವಾರಸ್ಯವಿದೆ. ವಾಲ್ವಿನ ಮೇಲಿನ ಪುಟ್ಟ ನಟ್ಟನ್ನು ಅನುಭವಸ್ಥ ಸವಾರರು ರಿಮ್ಮಿಗೆ ಬಿಗಿಯುವುದಿಲ್ಲ. ಮೇಲಕ್ಕೆ ತಿರುಗಿಸಿ ಮುಚ್ಚಳದ ಬುಡಕ್ಕೆ ಸೇರಿಸಿಬಿಡುತ್ತಾರೆ. ಟಯರು ತುಸು ಜಾರಿದರೂ ವಾಲ್ವು ಒಂದು ಕಡೆಗೆ ವಾಲಿ ನಿಂತು ಎಚ್ಚರಿಕೆ ಕೊಡುತ್ತದೆ. ನಟ್ಟು ಬಿಗಿದಿದ್ದರೆ ವಾಲಲು ಅವಕಾಶವಿಲ್ಲದೆ ಅದು ಹರಿದೇ ಹೋಗುತ್ತದೆ.

ಉಸಿರಾಟದ ನಳಿಗೆಗಳು

ಪೆಟ್ರೋಲು ಟ್ಯಾಂಕಿನ ಮುಚ್ಚಳದಿಂದ ಹೊರಟ ಸಣ್ಣ ರಬ್ಬರು ನಳಿಗೆಯೊಂದು ಹ್ಯಾಂಡಲಿನತ್ತ ಸಾಗಿ ಎಲ್ಲಿಯೋ ಮರೆಯಾಗುವುದನ್ನು ಅನೇಕರು ನೋಡಿರಬಹುದು. ಟ್ಯಾಂಕಿನಲ್ಲಿ ಪೆಟ್ರೋಲು ಇಳಿದಂತೆಲ್ಲ ಆ ಜಾಗವನ್ನು ತುಂಬಲು ಗಾಳಿ ಒಳಗೆ ಬರಬೇಕು. ಬಾರದಿದ್ದರೆ ಒಳಗೆ ನಿರ್ವಾತ ಉಂಟಾಗಿ ಪೆಟ್ರೋಲು ಕೆಳಗಿಳಿಯುವುದೇ ಇಲ್ಲ. ಅನೇಕ ಬೈಕುಗಳಲ್ಲಿ ಈ ನಳಿಗೆಯ ನಡುವೆ ಏಕಮುಖ ವಾಲ್ವೊಂದಿರುತ್ತದೆ. ಅದು ಗಾಳಿಯನ್ನು ಒಳಗೆ ಬಿಡುತ್ತದೆ; ಬೈಕು ಮಗುಚಿದಾಗ ಪೆಟ್ರೋಲನ್ನು ಹೊರಗೆ ಬಿಡುವುದಿಲ್ಲ. ತೊಳೆಯುವಾಗ ಕಳಚಿದ ವಾಲ್ವನ್ನು ತಿರುವುಮುರುವಾಗಿ ಜೋಡಿಸಿದವನ ಪಾಡು ಹೇಳತೀರದು. ಬೈಕು ಸ್ವಲ್ಪ ದೂರ ಸೊಗಸಾಗಿ ಓಡಿ ನಿಂತುಬಿಡುತ್ತದೆ. ಪ್ಲಗ್ಗು ಬಿಚ್ಚಿ, ತಂತಿಗಳನ್ನು ತಡಕಿ ಬೇಸತ್ತವನು ಕೊನೆಗೆ ಟ್ಯಾಂಕಿನ ಮುಚ್ಚಳ ತೆರೆದಾಗ 'ಸುಯ್' ಎಂದು ಗಾಳಿ ನುಗ್ಗುತ್ತದೆ. ರೋಗ ಯಾವುದೆಂದು ಆಗ ತಿಳಿಯುತ್ತದೆ.

ಕಾರ್ಬುರೇಟರು ಉಳ್ಳ ಬೈಕುಗಳ ತಳದಲ್ಲಿ ಜೋತುಬಿದ್ದ ನಳಿಗೆಗಳೂ ವ್ಯರ್ಥವಲ್ಲ. ಕಾರ್ಬುರೇಟರಿನ ಬಟ್ಟಲಿಗೆ ಹೊರಗಿನ ಗಾಳಿಯ ಸಂಪರ್ಕ ಕಲ್ಪಿಸುವುದು ಅವುಗಳಲ್ಲಿ ಕೆಲವುಗಳ ಕೆಲಸ. ಹೊಳೆ ದಾಟುವಾಗ ಅವುಗಳ ಬಾಯೆಲ್ಲ ನೀರಿನಲ್ಲಿ ಮುಳುಗಿದರೆ ಎಂಜಿನು ನಟ್ಟನಡುವೆಯೇ ಸ್ತಬ್ಧವಾಗಬಹುದು. ಅದಕ್ಕೆಂದೇ ಬಲ್ಲವರು ಒಂದು ನಳಿಗೆಯನ್ನಾದರೂ ಮೇಲಕ್ಕೆ, ಟ್ಯಾಂಕಿನ ಅಡಿಗೆ ತಿರುಗಿಸಿ ಕಟ್ಟುವರು.

ದೂತನ ಬಾಯಿ ಮುಚ್ಚಿದವನು

ನೀರಿನಿಂದ ತಂಪಾಗುವ ಎಂಜಿನುಗಳಲ್ಲಿ, ನೀರಿನ ಪಂಪಿನ ಕೆಳಗೆ ಸೂಜಿಯ ದಪ್ಪಕ್ಕಿಂತ ಅಷ್ಟೇನೂ ದೊಡ್ಡದಲ್ಲದ ರಂಧ್ರವೊಂದಿರುತ್ತದೆ. ಪಂಪಿನ ದಂಡದ ಒಂದು ಪಕ್ಕದಲ್ಲಿ ನೀರು, ಇನ್ನೊಂದು ಪಕ್ಕದಲ್ಲಿ ಎಣ್ಣೆ. ನಡುವೆ ಕಾವಲಿಗೆ ಎರಡು ಸೀಲುಗಳು. ಆ ಎರಡು ಸೀಲುಗಳ ನಡುವಣ ಅವಕಾಶದಿಂದ ಈ ರಂಧ್ರ ಹೊರಡುತ್ತದೆ. ನೀರು ತೊಟ್ಟಿಕ್ಕಿದರೆ ನೀರಿನ ಸೀಲು ಸವೆದಿದೆಯೆಂದೂ, ಎಣ್ಣೆ ಬಂದರೆ ಎಣ್ಣೆಯ ಸೀಲು ಸವೆದಿದೆಯೆಂದೂ ಅರ್ಥ. ಅದು ಎಂಜಿನಿನ ಒಳಮನೆಯಿಂದ ಸುದ್ದಿ ತರುವ ದೂತ.

ಹೊಸ ಸವಾರನೊಬ್ಬನಿಗೆ ಇದೊಂದೂ ತಿಳಿಯದೆಂದು ಭಾವಿಸಿ. ನೀರು ಸೋರುತ್ತಿದೆಯೆಂದು ಗಾಬರಿಗೊಂಡು ಅವನು ರಂಧ್ರಕ್ಕೆ ಅಂಟು ಮೆತ್ತುತ್ತಾನೆ. ಸೋರಿಕೆ ನಿಂತಿತೆಂಬ ಸಂತೋಷ ಬಹುಕಾಲ ಬಾಳದು. ಹೊರದಾರಿ ಕಾಣದ ನೀರು ಎರಡನೆಯ ಸೀಲನ್ನೂ ದಾಟಿ ಎಣ್ಣೆಯೊಳಗೆ ಸೇರುತ್ತದೆ. ಎಣ್ಣೆಯು ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗುತ್ತದೆ. ಜಿಡ್ಡಿನ ಗುಣವನ್ನು ಕಳೆದುಕೊಂಡು ಬೇರಿಂಗುಗಳನ್ನು ಹಾಳುಗೆಡವುತ್ತದೆ. ಒಂದು ಸೀಲಿನ ಅಲ್ಪ ಬೆಲೆಯಲ್ಲಿ ಮುಗಿಯಬಹುದಾಗಿದ್ದ ಕೆಲಸ ಇಡೀ ಎಂಜಿನಿನ ರಿಪೇರಿಯಾಗಿ ಪರಿಣಮಿಸುತ್ತದೆ.

ಬಾಗುವುದೂ ಒಂದು ಬಲ

ಚೈನಿನ ಎರಡು ತುದಿಗಳನ್ನು ಕೂಡಿಸುವ ಕೊಂಡಿಗೆ ಮೀನಿನಾಕಾರದ ತೆಳ್ಳನೆಯ ಕ್ಲಿಪ್ಪು ಇರುತ್ತದೆ. ಅದರ ಮುಚ್ಚಿದ ತುದಿ ಚೈನು ಚಲಿಸುವ ದಿಕ್ಕಿಗೆ ಮುಖ ಮಾಡಿರಬೇಕು. ತೆರೆದ ಬಾಯಿ ಮುಂದಾಗಿದ್ದರೆ ಕಲ್ಲೋ ಕಡ್ಡಿಯೋ ತಗುಲಿದಾಗ ಕ್ಲಿಪ್ಪು ಹಾರಿಹೋಗಬಹುದು. ಕಳಚಿದ ಚೈನು ಮುಂದಿನ ಹಲ್ಲುಗಾಲಿಯ ಬಳಿ ಸುತ್ತಿಕೊಂಡರೆ ಎಂಜಿನಿನ ಕವಚ ಒಡೆಯುವುದೂ, ಹಿಂಗಾಲಿ ಒಮ್ಮೆಗೇ ಬಿಗಿದು ಸವಾರ ಉರುಳುವುದೂ ಉಂಟು.

ಎಲ್ಲವನ್ನೂ ಬಲವಾಗಿ ಬಿಗಿಯುವುದೇ ಜಾಣತನವೆಂಬ ಭ್ರಮೆಯೂ ಸಲ್ಲದು. ಕ್ಲಚ್ಚು ಮತ್ತು ಬ್ರೇಕುಗಳ ಹಿಡಿಗಳನ್ನು ಹ್ಯಾಂಡಲಿಗೆ ಸೇರಿಸುವ ಬಂಧಗಳನ್ನು ನುರಿತವರು ಸ್ವಲ್ಪ ಸಡಿಲವಾಗಿಯೇ ಬಿಡುತ್ತಾರೆ. ಬಿದ್ದಾಗ ಹಿಡಿಯು ಮುರಿಯದೆ ಸುತ್ತ ತಿರುಗಲಿ ಎಂಬುದೇ ಉದ್ದೇಶ. ಗೇರಿನ ಕಾಲುಹಿಡಿಯ ತುದಿಗೆ ಸ್ಪ್ರಿಂಗು ಹಾಕಿ ಮಡಚುವಂತೆ ಮಾಡಿರುವುದೂ ಇದಕ್ಕಾಗಿಯೇ. ಹೊಳೆಗೆ ಬಾಗಿದ ಜೊಂಡು ಉಳಿಯುತ್ತದೆ. ಸೆಟೆದು ನಿಂತ ಮರ ಉರುಳುತ್ತದೆ.

ಹೊಗೆಕೊಳವೆಯೊಳಗಿನ ಕಿಡಿತಡೆಯ ಜಾಲರಿಯ ಕಥೆ ಇನ್ನೂ ದೊಡ್ಡದು. ಎಂಜಿನಿನ ಬಲ ಕುಂದುತ್ತದೆಂದು ಕೆಲವರು ಅದನ್ನು ಕಿತ್ತೆಸೆಯುವರು. ಆದರೆ ಕೊಳವೆಯಿಂದ ಹಾರಿದ ಕೆಂಡದಂಥ ಇದ್ದಿಲ ಕಣವೊಂದು ಒಣಹುಲ್ಲಿಗೆ ಬಿದ್ದರೆ ಕಾಡೇ ಹೊತ್ತಿ ಉರಿಯಬಹುದು. ಅಮೆರಿಕದ ರಾಷ್ಟ್ರೀಯ ಅರಣ್ಯಗಳಲ್ಲಿ ಈ ಜಾಲರಿಯಿಲ್ಲದ ಬೈಕನ್ನು ಓಡಿಸುವುದು ನಿಷಿದ್ಧ. ಸವಾರನನ್ನಷ್ಟೇ ಅಲ್ಲ, ಅವನು ಎಂದೂ ಕಾಣದ ಮೃಗಪಕ್ಷಿಗಳನ್ನೂ ಕಾಯುವ ಕೀಲು ಅದು.

ಸಂಜೆಯ ಅರ್ಧ ಗಂಟೆ

ಬೆಂಗಳೂರಿನ ಸಿ. ಎಸ್. ಸಂತೋಷ್ ಅವರು 2015ರಲ್ಲಿ ದಕ್ಷಿಣ ಅಮೆರಿಕದ ಡಕಾರ್ ರ್‍ಯಾಲಿಯನ್ನು ಪೂರೈಸಿ, ಹಾಗೆ ಪೂರೈಸಿದ ಮೊದಲ ಭಾರತೀಯರೆನಿಸಿದರು. ಆ ರ್‍ಯಾಲಿಯ 'ಮ್ಯಾರಥಾನ್' ಹಂತಗಳಲ್ಲಿ ಮೆಕ್ಯಾನಿಕ್ಕುಗಳ ನೆರವು ದೊರೆಯುವುದಿಲ್ಲ. ದಿನವಿಡೀ ಮರುಭೂಮಿಯಲ್ಲಿ ಓಡಿಸಿ ದಣಿದ ಸವಾರರೇ ಸಂಜೆ ಸ್ಪ್ಯಾನರು ಹಿಡಿದು ತಮ್ಮ ಬೈಕುಗಳ ಯೋಗಕ್ಷೇಮ ನೋಡಿಕೊಳ್ಳಬೇಕು. ಮರುದಿನದ ಗೆಲುವು ಸೋಲುಗಳು ಅನೇಕ ವೇಳೆ ಆ ಸಂಜೆಯಲ್ಲಿಯೇ ನಿರ್ಣಯವಾಗುತ್ತವೆ.

ನಮ್ಮ ಊರುಗಳ ಸುತ್ತಣ ಗುಡ್ಡದ ಜಾಡಿಗೆ ಇಳಿಯುವ ತರುಣನಿಗೂ ಇದೇ ಮಾತು ಅನ್ವಯಿಸುತ್ತದೆ. ಹೊರಡುವ ಮುನ್ನಾದಿನ ಬೈಕನ್ನು ತೊಳೆದು, ವಾಲ್ವು ನೆಟ್ಟಗಿದೆಯೇ, ಕ್ಲಿಪ್ಪಿನ ಮುಖ ಸರಿಯಿದೆಯೇ, ನಳಿಗೆಗಳಲ್ಲಿ ಕೆಸರು ಕಟ್ಟಿದೆಯೇ, ರಂಧ್ರದ ಬಾಯಲ್ಲಿ ಹನಿಯಿದೆಯೇ ಎಂದು ನೋಡಲು ಅರ್ಧ ಗಂಟೆ ಸಾಕು. ಕಡೆಗೀಲು ಕಳಚಿದ ಮೇಲೆ ಬೆರಳಿಡಲು ಪ್ರತಿಯೊಬ್ಬನ ಪಕ್ಕದಲ್ಲಿಯೂ ಕೈಕೇಯಿ ಕುಳಿತಿರುವುದಿಲ್ಲ.