ಗಂಟೆಗೆ ತೊಂಬತ್ತು ಸಾವಿರ ಕಿಡಿ

ಹಳೆಯ 350 ಸಿಸಿ ಬುಲೆಟ್ ಬೈಕೊಂದು ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ, ಟಾಪ್ ಗೇರಿನಲ್ಲಿ, ಬೆಂಗಳೂರಿನಿಂದ ಮೈಸೂರಿಗೆ ಹೊರಟಿದೆ ಎಂದಿಟ್ಟುಕೊಳ್ಳಿ. ಆಗ ಎಂಜಿನ್ ನಿಮಿಷಕ್ಕೆ ಹೆಚ್ಚುಕಡಿಮೆ 3000 ಸುತ್ತು ತಿರುಗುತ್ತಿರುತ್ತದೆ. ಎರಡು ಸುತ್ತಿಗೊಂದು ಕಿಡಿ. ಅಲ್ಲಿಗೆ ಸೆಕೆಂಡಿಗೆ 25, ಗಂಟೆಗೆ 90,000. ಪಿಸ್ಟನ್ ಒಂದು ಸಲ ಮೇಲಿನಿಂದ ಕೆಳಗಿಳಿಯುವ ದೂರ 90 ಮಿಲಿಮೀಟರ್, ಅರ್ಧ ಗೇಣೂ ಇಲ್ಲ. ಆದರೂ ಸುಮಾರು 145 ಕಿಲೋಮೀಟರ್ ದಾಟಿ ಮೈಸೂರು ಮುಟ್ಟುವಷ್ಟರಲ್ಲಿ ಆ ಪಿಸ್ಟನ್ ಸಿಲಿಂಡರಿನೊಳಗೇ ಹತ್ತಿ ಇಳಿದು 78 ಕಿಲೋಮೀಟರ್ ಸವೆಸಿರುತ್ತದೆ. ಅಂದರೆ ಬೆಂಗಳೂರಿನಿಂದ ಮದ್ದೂರಿನ ಹತ್ತಿರ ಬರುವಷ್ಟು. ಅಷ್ಟರಲ್ಲಿ ಹೊತ್ತಿದ ಕಿಡಿಗಳು ಎರಡು ಲಕ್ಷಕ್ಕೂ ಹೆಚ್ಚು.

ಇವುಗಳಲ್ಲಿ ಪ್ರತಿಯೊಂದೂ ಸರಿಯಾದ ಗಳಿಗೆಗೇ ಹೊತ್ತಬೇಕು. 3000 ಸುತ್ತಿನ ವೇಗದಲ್ಲಿ ಕ್ರ್ಯಾಂಕ್ ಒಂದು ಡಿಗ್ರಿ ತಿರುಗಲು ಬೇಕಾದ ಸಮಯ ಸೆಕೆಂಡಿನ 18,000ದಲ್ಲಿ ಒಂದು ಪಾಲು. ಕಿಡಿ ಕೆಲವೇ ಡಿಗ್ರಿ ಮೊದಲಾದರೆ ಎಂಜಿನ್ ಕುಟ್ಟುತ್ತದೆ. ತಡವಾದರೆ ಗಾಡಿ ಎಳೆಯುವುದಿಲ್ಲ, ಕಾವೆಲ್ಲ ಸೈಲೆನ್ಸರಿಗೆ ಹೋಗುತ್ತದೆ. ಹಳೆಯ ಬುಲೆಟ್ಟಿನಲ್ಲಿ ಇಷ್ಟು ಸೂಕ್ಷ್ಮವಾದ ಕೆಲಸ ಮಾಡುತ್ತಿದ್ದದ್ದು ಕಾಂಟ್ಯಾಕ್ಟ್ ಪಾಯಿಂಟ್ ಎಂಬ ಎರಡು ಸಣ್ಣ ಲೋಹದ ಗುಂಡಿಗಳು. ಅವುಗಳ ನಡುವಿನ ಗ್ಯಾಪ್ ಸುಮಾರು 0.4 ಮಿಲಿಮೀಟರ್. ಗಂಟೆಗೆ 90,000 ಸಲ ತೆರೆದು ಮುಚ್ಚಿ ಅವು ಸವೆಯುತ್ತಿದ್ದವು, ಕಪ್ಪುಗಟ್ಟುತ್ತಿದ್ದವು. ಸವಾರ ಉಪ್ಪುಕಾಗದದಿಂದ ಉಜ್ಜಿ, ಗ್ಯಾಪ್ ನೋಡಿ, ಮತ್ತೆ ಕಿಕ್ ಹೊಡೆಯುತ್ತಿದ್ದ.

ಇದಕ್ಕೂ ಹಿಂದಕ್ಕೆ ಹೋದರೆ ಕಿಡಿಯ ಗಳಿಗೆಯನ್ನು ನೋಡಿಕೊಳ್ಳುತ್ತಿದ್ದದ್ದು ಮನುಷ್ಯನ ಎಡಗೈ.

1908ರಿಂದ 1927ರವರೆಗೆ ಅಮೆರಿಕದಲ್ಲಿ ಹೆನ್ರಿ ಫೋರ್ಡ್ ಅವರ ಕಂಪನಿ ಒಂದೂವರೆ ಕೋಟಿಗೂ ಹೆಚ್ಚು ಮಾಡೆಲ್ ಟಿ ಕಾರುಗಳನ್ನು ತಯಾರಿಸಿತು. ಇಂದು ಕಾರು ಓಡಿಸಬಲ್ಲವರನ್ನು ಅದರ ಸೀಟಿನಲ್ಲಿ ಕೂರಿಸಿದರೆ ಮೊದಲ ಹತ್ತು ಮಾರಿನಲ್ಲೇ ತಬ್ಬಿಬ್ಬಾಗುತ್ತಾರೆ. ಕಾಲ ಬಳಿ ಮೂರು ಪೆಡಲ್‌ಗಳಿವೆ, ಆದರೆ ಆಕ್ಸಿಲರೇಟರ್ ಅವುಗಳಲ್ಲಿಲ್ಲ. ಎಡದ ಪೆಡಲನ್ನು ಪೂರ್ತಿ ತುಳಿದರೆ ಮೊದಲ ಗೇರು, ಪೂರ್ತಿ ಬಿಟ್ಟರೆ ಎರಡನೆಯ ಗೇರು, ನಡುವೆ ಹಿಡಿದು ನಿಲ್ಲಿಸಿದರೆ ನ್ಯೂಟ್ರಲ್. ಇರುವುದೇ ಎರಡು ಗೇರು. ನಡುವಿನ ಪೆಡಲ್ ರಿವರ್ಸ್, ಬಲದ್ದು ಬ್ರೇಕ್. ಗಾಬರಿಯಲ್ಲಿ ಇಂದಿನ ಅಭ್ಯಾಸದಂತೆ ಕ್ಲಚ್ ಎಂದು ಎಡಗಾಲು ಒತ್ತಿದರೆ ಗಾಡಿ ಮೊದಲ ಗೇರಿಗೆ ಬಿದ್ದು ಮುಂದಕ್ಕೆಳೆಯುತ್ತದೆ. ಬ್ರೇಕ್ ಎಂದು ನಡುವಿನದನ್ನು ತುಳಿದರೆ ಹಿಂದಕ್ಕೆ ಹೊರಡಲು ನೋಡುತ್ತದೆ. ಸ್ಟೀರಿಂಗ್ ಕೆಳಗೆ ಆಚೆಗೊಂದು ಈಚೆಗೊಂದು ಸಣ್ಣ ಸನ್ನೆಗಳಿವೆ. ಬಲಗೈಯ ಸನ್ನೆ ಪೆಟ್ರೋಲಿಗೆ, ಎಡಗೈಯದು ಕಿಡಿಗೆ.

ಅದನ್ನು ಸ್ಟಾರ್ಟ್ ಮಾಡುವ ಕ್ರಮವೇ ಒಂದು ವಿದ್ಯೆ. ಮೊದಲು ಕೈಬ್ರೇಕ್ ಎಳೆಯಬೇಕು. ಎಡದ ಸನ್ನೆಯನ್ನು ಮೇಲಕ್ಕೆ ತಳ್ಳಿ ಕಿಡಿ ತಡವಾಗಿ ಬೀಳುವಂತೆ ಮಾಡಬೇಕು, ಬಲದ್ದನ್ನು ತುಸು ಇಳಿಸಬೇಕು. ಆಮೇಲೆ ಕೆಳಗಿಳಿದು ಗಾಡಿಯ ಮುಂದಕ್ಕೆ ಹೋಗಿ, ಚೋಕಿನ ತಂತಿ ಎಳೆದು ಹಿಡಿದು ಹ್ಯಾಂಡಲನ್ನು ಕಾಲು ಸುತ್ತು ಒಂದೆರಡು ಸಲ ಎತ್ತಬೇಕು. ಮತ್ತೆ ಒಳಗೆ ಹೋಗಿ ಸ್ವಿಚ್ ಹಾಕಿ, ಮತ್ತೆ ಮುಂದಕ್ಕೆ ಬಂದು, ಈಗ ಎಡಗೈಯಲ್ಲಿ ಹ್ಯಾಂಡಲನ್ನು ಮೇಲಕ್ಕೆ ಎಳೆಯಬೇಕು. ಹೆಬ್ಬೆರಳು ಹ್ಯಾಂಡಲನ್ನು ಸುತ್ತುವರಿಯಬಾರದು, ಉಳಿದ ನಾಲ್ಕು ಬೆರಳುಗಳ ಪಕ್ಕದಲ್ಲೇ ಇರಬೇಕು. ಕಿಡಿಯ ಸನ್ನೆಯನ್ನು ಮೇಲಕ್ಕೆ ತಳ್ಳಲು ಮರೆತಿದ್ದರೆ ಎಂಜಿನ್ ಹಿಂದಕ್ಕೆ ಒದೆಯುತ್ತಿತ್ತು. ಹಾಗೆ ಒದೆದು ಹೆಬ್ಬೆರಳು, ಮಣಿಕಟ್ಟು ಮುರಿದುಕೊಂಡವರಿದ್ದರು. ಎಂಜಿನ್ ಹೊತ್ತಿದ ಕೂಡಲೇ ಓಡಿಬಂದು ಎಡದ ಸನ್ನೆಯನ್ನು ಇಳಿಸಿದರೆ ಮಾತ್ರ ಅದು ನಯವಾಗಿ ತಿರುಗುತ್ತಿತ್ತು. ಇಂದು ಇಷ್ಟಕ್ಕೂ ಒಂದು ಗುಂಡಿ ಒತ್ತಿದರೆ ಸಾಕು.

ಪೆಟ್ರೋಲ್ ಟ್ಯಾಂಕು ಸೀಟಿನ ಅಡಿಯಲ್ಲಿತ್ತು. ಪಂಪ್ ಇರಲಿಲ್ಲ, ಪೆಟ್ರೋಲ್ ತಾನಾಗಿಯೇ ಇಳಿದು ಕಾರ್ಬೊರೇಟರಿಗೆ ಬರಬೇಕಿತ್ತು. ಟ್ಯಾಂಕಿನಲ್ಲಿ ಪೆಟ್ರೋಲ್ ಕಡಿಮೆಯಿದ್ದು ಏರು ಕಡಿದಾಗಿದ್ದರೆ ಎಂಜಿನ್ ಟ್ಯಾಂಕಿಗಿಂತ ಮೇಲಾಗಿ ಬಾಯಾರಿ ನಿಲ್ಲುತ್ತಿತ್ತು. ಅಂಥ ಏರನ್ನು ಜನ ಕಾರು ತಿರುಗಿಸಿಕೊಂಡು ರಿವರ್ಸಿನಲ್ಲೇ ಹತ್ತಿಸುತ್ತಿದ್ದರು.

ಶಕ್ತಿಯ ಲೆಕ್ಕ ಇನ್ನೂ ಬೆರಗು ಹುಟ್ಟಿಸುತ್ತದೆ. ಮಾಡೆಲ್ ಟಿ ಎಂಜಿನ್ 2.9 ಲೀಟರಿನದು, ಕೊಡುತ್ತಿದ್ದದ್ದು 20 ಅಶ್ವಶಕ್ತಿ, ಅದೂ 1600 ಸುತ್ತಿನಲ್ಲಿ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಹೋಗುವಾಗ ಅದು ನಿಮಿಷಕ್ಕೆ ಸುಮಾರು 1000 ಸುತ್ತು ತಿರುಗುತ್ತಿತ್ತು. ಇಂದಿನ ಕಾರು ಸಿಗ್ನಲ್ಲಿನಲ್ಲಿ ನಿಂತಿದ್ದಾಗಲೇ ಹೆಚ್ಚುಕಡಿಮೆ 800 ಸುತ್ತು ತಿರುಗುತ್ತಿರುತ್ತದೆ. ಕಾರ್ಲ್ ಬೆಂಜ್ ಅವರು 1886ರಲ್ಲಿ ಪೇಟೆಂಟ್ ಪಡೆದ ಮೂರು ಚಕ್ರದ ಗಾಡಿಯ ಎಂಜಿನ್ 954 ಸಿಸಿ, ಶಕ್ತಿ ಮುಕ್ಕಾಲು ಅಶ್ವಶಕ್ತಿ. ಇಂದು 999 ಸಿಸಿಯ ಬಿಎಂಡಬ್ಲ್ಯು ಎಸ್ 1000 ಆರ್‌ಆರ್ ಬೈಕು 200 ಅಶ್ವಶಕ್ತಿಯನ್ನೂ ದಾಟುತ್ತದೆ. ಹೆಚ್ಚುಕಡಿಮೆ ಅಷ್ಟೇ ಗಾತ್ರದ ಎಂಜಿನ್ನಿನಿಂದ 250 ಪಟ್ಟಿಗೂ ಮೀರಿದ ಶಕ್ತಿ! ನಮ್ಮ ಕಣ್ಣಳತೆಯಲ್ಲೇ ನೋಡುವುದಾದರೆ, 346 ಸಿಸಿಯ ಹಳೆಯ ಬುಲೆಟ್ 18 ಅಶ್ವಶಕ್ತಿ ಕೊಟ್ಟರೆ 373 ಸಿಸಿಯ ಕೆಟಿಎಂ 390 ಡ್ಯೂಕ್ ಸುಮಾರು 43 ಕೊಟ್ಟಿತು.

ಆದರೆ 18 ಅಶ್ವಶಕ್ತಿಯ ಬುಲೆಟ್ಟನ್ನು ಎಬ್ಬಿಸುವುದಕ್ಕೂ ಗುರುಮುಖೇನ ಕಲಿಯಬೇಕಿತ್ತು. ಅದರ ಪಿಸ್ಟನ್ ತಲೆಯ ವಿಸ್ತೀರ್ಣ 38 ಚದರ ಸೆಂಟಿಮೀಟರ್. ಕಿಕ್ ಹೊಡೆಯುವಾಗ ಚದರ ಸೆಂಟಿಮೀಟರಿಗೆ 7 ಕಿಲೋ ಒತ್ತಡ ಹಿಡಿದರೂ ಪಿಸ್ಟನ್ ಮೇಲೆ ಕೂರುವ ಭಾರ ಎರಡೂವರೆ ಕ್ವಿಂಟಲ್ ದಾಟುತ್ತದೆ. ಅದರೊಡನೆ ಬಲಾಬಲಕ್ಕಿಳಿದವನ ಕಾಲು ಸೋಲುತ್ತಿತ್ತು. ಬಲ್ಲವರು ಕಿಕ್ಕರನ್ನು ನಿಧಾನವಾಗಿ ಒತ್ತಿ, ಅದು ಗಟ್ಟಿಯಾದಲ್ಲಿ ನಿಲ್ಲಿಸಿ, ಸಿಲಿಂಡರಿನ ಒತ್ತಡ ಬಿಡಿಸುವ ಡಿಕಂಪ್ರೆಸರ್ ಹಿಡಿದು, ಆಂಪಿಯರ್ ಮೀಟರಿನ ಮುಳ್ಳು ನಡುವಿಗೆ ಬರುವಷ್ಟು ಮಾತ್ರ ಮುಂದಕ್ಕೆ ಜರುಗಿಸುತ್ತಿದ್ದರು. ಮುಳ್ಳು ನಡುವಿಗೆ ಬಂತೆಂದರೆ ಪಾಯಿಂಟ್ ತೆರೆದಿದೆ, ಪಿಸ್ಟನ್ ನೆತ್ತಿ ದಾಟಿದೆ ಎಂದರ್ಥ. ಆಗ ಡಿಕಂಪ್ರೆಸರ್ ಬಿಟ್ಟು ಒಂದೇ ಪೂರ್ತಿ ಕಿಕ್.

ಇತ್ತ ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಿಂದ ಬಂದ ಜಾವಾದ ರೀತಿಯೇ ಬೇರೆ. ಗೇರ್ ಲಿವರೇ ಅದರ ಕಿಕ್ಕರ್. ಲಿವರನ್ನು ಒಳಕ್ಕೆ ಒತ್ತಿ ಹಿಂದಕ್ಕೆ ತಿರುಗಿಸಿದರೆ ಕಿಕ್, ಮುಂದಕ್ಕೆ ಮಲಗಿಸಿದರೆ ಗೇರು. ಆ ಲಿವರನ್ನು ಒತ್ತಿದರೆ ಕ್ಲಚ್ ತಾನೇ ಬಿಡುತ್ತಿದ್ದುದರಿಂದ ಗೇರು ಬದಲಿಸಲು ಕೈಯ ಕ್ಲಚ್ ಹಿಡಿಯಲೇಬೇಕೆಂದಿರಲಿಲ್ಲ. ಟೂ ಸ್ಟ್ರೋಕ್ ಆದ್ದರಿಂದ ಆಯಿಲನ್ನು ಪೆಟ್ರೋಲಿಗೇ ಬೆರೆಸಬೇಕಿತ್ತು. ಆಗುಂಬೆಯ 14 ತಿರುವುಗಳನ್ನು ಆಕ್ಸಿಲರೇಟರ್ ಪೂರ್ತಿ ಮುಚ್ಚಿಕೊಂಡು ಇಳಿದರೆ ಪೆಟ್ರೋಲಿನ ಜೊತೆ ಆಯಿಲೂ ನಿಂತು ಪಿಸ್ಟನ್ ಒಣಗುತ್ತಿತ್ತು. ಅದಕ್ಕಾಗಿ ಸವಾರ ಇಳಿಜಾರಿನಲ್ಲೂ ಆಗಾಗ ಆಕ್ಸಿಲರೇಟರ್ ತಿರುವುತ್ತಿದ್ದ. ಜಾವಾದ ಗೇರು ಎಡಗಾಲಿಗೆ, ಹಳೆಯ ಬುಲೆಟ್ಟಿನದು ಬಲಗಾಲಿಗೆ. ಒಂದರಿಂದ ಇನ್ನೊಂದಕ್ಕೆ ಹತ್ತಿದವನಿಗೆ ಬ್ರೇಕ್ ಯಾವ ಕಾಲು ಎಂದು ಅರ್ಧ ಸೆಕೆಂಡ್ ಗೊಂದಲವಾದರೆ, 40ರ ವೇಗದಲ್ಲಿ ಗಾಡಿ ಐದೂವರೆ ಮೀಟರ್ ಮುಂದೆ ಹೋಗಿರುತ್ತಿತ್ತು.

ಬ್ರೇಕಿನ ಲೆಕ್ಕ ಬಂದಾಗ ಬೆರಗಿನ ಜಾಗದಲ್ಲಿ ಭಯ ಕೂರುತ್ತದೆ. ಮಾಡೆಲ್ ಟಿ ಬ್ರೇಕ್ ಗೇರ್‌ಬಾಕ್ಸಿನೊಳಗೆ ಹಿಡಿಯುತ್ತಿತ್ತು, ಅದರ ಪರಿಣಾಮ ಹಿಂದಿನ ಎರಡು ಚಕ್ರಗಳಿಗೆ ಮಾತ್ರ. ನಾಲ್ಕೂ ಚಕ್ರ ಹಿಡಿಯುವ ಇಂದಿನ ಕಾರು ಪ್ರತಿ ಸೆಕೆಂಡಿಗೂ ತನ್ನ ವೇಗವನ್ನು ಸೆಕೆಂಡಿಗೆ ಸುಮಾರು 8 ಮೀಟರಿನಷ್ಟು ಇಳಿಸಿಕೊಳ್ಳುತ್ತದೆ. ಹಿಂಚಕ್ರ ಮಾತ್ರ ಹಿಡಿದರೆ ಅದು 3 ಎಂದು ಇಟ್ಟುಕೊಳ್ಳೋಣ. ಎರಡೂ 60ರ ವೇಗದಲ್ಲಿ ಒಟ್ಟಿಗೆ ಬ್ರೇಕ್ ಹಾಕಿದರೆ ಇಂದಿನದು ಸುಮಾರು 17 ಮೀಟರಿನಲ್ಲಿ ನಿಲ್ಲುತ್ತದೆ, ಹಳೆಯದಕ್ಕೆ 46 ಬೇಕು. ಇಂದಿನದು ನಿಂತ ಜಾಗವನ್ನು ಹಳೆಯದು ಹಾದುಹೋಗುವಾಗ ಅದರ ವೇಗ ಇನ್ನೂ ಗಂಟೆಗೆ 47 ಕಿಲೋಮೀಟರ್! ಬೋಷ್ ಕಂಪನಿಯ ಎಬಿಎಸ್ 1978ರಲ್ಲಿ ಮರ್ಸಿಡಿಸ್ ಕಾರಿಗೆ ಬಂತು. ಚಕ್ರ ಕಚ್ಚಿಕೊಳ್ಳುವ ಗಳಿಗೆಯಲ್ಲಿ ಬ್ರೇಕನ್ನು ಸಡಿಲಿಸಿ ಮತ್ತೆ ಹಿಡಿಯುವ ಕೆಲಸವನ್ನು ಅದು ಸೆಕೆಂಡಿಗೆ ಹತ್ತಕ್ಕೂ ಹೆಚ್ಚು ಸಲ ಮಾಡಬಲ್ಲದು. ನುರಿತವನ ಕಾಲೂ ಅದನ್ನು ಎರಡು ಮೂರು ಸಲ ಮಾಡೀತು. 2019ರ ಏಪ್ರಿಲ್‌ನಿಂದ ನಮ್ಮಲ್ಲಿ 125 ಸಿಸಿ ಮೀರಿದ ಹೊಸ ಬೈಕುಗಳಿಗೆಲ್ಲ ಎಬಿಎಸ್ ಕಡ್ಡಾಯ.

ಹಾಗಾದರೆ ಕಿಡಿಯ ಸನ್ನೆ ಹಿಡಿದಿದ್ದ ಆ ಎಡಗೈ ಎಲ್ಲಿ ಹೋಯಿತು? ಅದು ಇಸಿಯು ಎಂಬ ಪುಟ್ಟ ಪೆಟ್ಟಿಗೆಯೊಳಗೆ ಸೇರಿತು. ಅದರಲ್ಲೊಂದು ಕೋಷ್ಟಕವಿದೆ: ಒಂದು ಬದಿಗೆ ಎಂಜಿನ್ ವೇಗ, ಇನ್ನೊಂದು ಬದಿಗೆ ಅದರ ಮೇಲಿನ ಭಾರ, ಪ್ರತಿ ಮನೆಯಲ್ಲೂ ಕಿಡಿ ಬೀಳಬೇಕಾದ ಡಿಗ್ರಿ. ಏರಿನಲ್ಲಿ ಎಂಜಿನ್ ಕುಟ್ಟಿದರೆ ಸನ್ನೆಯನ್ನು ತುಸು ಮೇಲೆತ್ತು, ಬಯಲಿನಲ್ಲಿ ವೇಗ ಕೂಡಿದರೆ ಇಳಿಸು ಎಂದು ಮಾಡೆಲ್ ಟಿ ಚಾಲಕ ಕಿವಿಯಿಂದ ಕಲಿತು ಕೈಯಲ್ಲಿ ಉಳಿಸಿಕೊಂಡಿದ್ದ ವಿದ್ಯೆಯೇ ಈ ಅಂಕಿಗಳು. ಆ ಕಿವಿಯ ಕೆಲಸಕ್ಕೆ ಈಗ ನಾಕ್ ಸೆನ್ಸರ್ ಇದೆ. 6000 ಸುತ್ತಿನಲ್ಲಿರುವ ನಾಲ್ಕು ಸಿಲಿಂಡರಿನ ಎಂಜಿನ್ ಸೆಕೆಂಡಿಗೆ 200 ಕಿಡಿ ಕೇಳುತ್ತದೆ, ಗಂಟೆಗೆ 7,20,000. ಪ್ರತಿಯೊಂದಕ್ಕೂ ಇಸಿಯು ಹೊಸದಾಗಿ ಲೆಕ್ಕ ಹಾಕುತ್ತದೆ. 2020ರ ಏಪ್ರಿಲ್ 1ರಂದು ಬಿಎಸ್ 6 ಎಂಬ ಹೊಗೆಯ ನಿಯಮ ಬಂದ ಮೇಲೆ ನಮ್ಮ ಬಹುಪಾಲು ಹೊಸ ಬೈಕುಗಳಿಂದ ಕಾರ್ಬೊರೇಟರೂ ಹೋಗಿ, ಪೆಟ್ರೋಲಿನ ಲೆಕ್ಕವೂ ಅದೇ ಪೆಟ್ಟಿಗೆಯ ಪಾಲಾಯಿತು.

ಇದನ್ನು ನಾನು ತುಂಬು ಮನಸ್ಸಿನಿಂದ ಮೆಚ್ಚುತ್ತೇನೆ. ಚಾಲನೆಯ ಕೆಲಸ ಒಂದಿಷ್ಟೂ ಕಡಿಮೆಯಾಗಿಲ್ಲ, ಹೆಚ್ಚೇ ಆಗಿದೆ. ಅದರ ಹೊರೆ ನಮ್ಮ ಮೇಲಿಲ್ಲ ಅಷ್ಟೇ. ಕಿಡಿ, ಚೋಕು, ಆಯಿಲ್, ಪಾಯಿಂಟು ಎಂದು ಹರಿದು ಹಂಚಿಹೋಗುತ್ತಿದ್ದ ಚಾಲಕನ ಗಮನವನ್ನು ಯಂತ್ರ ಇಡಿಯಾಗಿ ಹಿಂತಿರುಗಿಸಿದೆ. ಅದನ್ನು ನಾವು ಏನು ಮಾಡುತ್ತಿದ್ದೇವೆ? 80ರ ವೇಗದಲ್ಲಿ ಗಾಡಿ ಸೆಕೆಂಡಿಗೆ 22 ಮೀಟರ್ ಓಡುತ್ತದೆ. ಐದು ಸೆಕೆಂಡ್ ಮೊಬೈಲ್ ನೋಡಿದರೆ 110 ಮೀಟರ್ ಕಣ್ಣು ಮುಚ್ಚಿ ಓಡಿಸಿದಂತೆ. 2022ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ದಿನಕ್ಕೆ ಸುಮಾರು 462, ಗಂಟೆಗೆ 19. ಕಾರಣಗಳು ಹಲವು, ಆದರೆ ಚಾಲಕನ ಗಮನ ತಪ್ಪಿದ್ದು ಅವುಗಳಲ್ಲಿ ಒಂದು, ಮತ್ತು ಅದನ್ನು ಸರಿಪಡಿಸುವುದು ಪೂರ್ತಿ ನಮ್ಮ ಕೈಯಲ್ಲೇ ಇದೆ. ಗಂಟೆಗೆ ಏಳು ಲಕ್ಷ ಕಿಡಿಗಳನ್ನು ಯಂತ್ರ ನೋಡಿಕೊಳ್ಳುತ್ತಿರುವಾಗ, ರಸ್ತೆಯನ್ನು ನೋಡುವ ಒಂದೇ ಕೆಲಸ ನಮಗೆ ಉಳಿದಿದೆ. ಅದನ್ನು ಇಡಿಯಾಗಿ ಮಾಡಬೇಕು.