ಒಂದು ಪೌಂಡಿನ ಕ್ಲಬ್ಬು, 250 ಕೋಟಿ ಪೌಂಡಿನ ಕ್ಲಬ್ಬು

1982ರಲ್ಲಿ ಕೆನ್ ಬೇಟ್ಸ್ ಎಂಬ ಉದ್ಯಮಿ ಲಂಡನ್ನಿನ ಚೆಲ್ಸಿ ಫುಟ್‌ಬಾಲ್ ಕ್ಲಬ್ಬನ್ನು ಕೊಂಡದ್ದು ಒಂದು ಪೌಂಡಿಗೆ. ಹೌದು, ಒಂದೇ ಒಂದು ಪೌಂಡು. ಜೊತೆಗೆ ಕ್ಲಬ್ಬಿನ ಸಾಲವೂ ತಲೆ ಮೇಲೆ ಬಂತು ಅನ್ನೋದು ಬೇರೆ ಮಾತು. 2003ರಲ್ಲಿ ಅದೇ ಕ್ಲಬ್ಬನ್ನು ರಷ್ಯಾದ ರೋಮನ್ ಅಬ್ರಮೋವಿಚ್ ಸಾಲವೂ ಸೇರಿ ಸುಮಾರು 14 ಕೋಟಿ ಪೌಂಡಿಗೆ ತಗೊಂಡರು. 2022ರಲ್ಲಿ ಅಮೆರಿಕದ ಟಾಡ್ ಬೋಯ್ಲಿ ಮತ್ತು ಕ್ಲಿಯರ್‌ಲೇಕ್ ಕ್ಯಾಪಿಟಲ್ ಕೂಟ ಕೊಟ್ಟ ಬೆಲೆ 250 ಕೋಟಿ ಪೌಂಡು. ಇದಲ್ಲದೆ ಮುಂದೆ ಇನ್ನೂ 175 ಕೋಟಿ ಪೌಂಡು ಹಾಕ್ತೀವಿ ಅಂತ ಮಾತು ಬೇರೆ ಕೊಟ್ಟರು.

ಕಾಲ ಬದಲಾಗಿದೆ, ಬೆಲೆ ಏರಿದೆ, ಇದರಲ್ಲೇನು ವಿಶೇಷ ಅನ್ನಬಹುದು. ವಿಶೇಷ ಇಲ್ಲಿದೆ: ಈ ವ್ಯಾಪಾರದಲ್ಲಿ ಲಾಭ ಅನ್ನೋದು ಹೆಚ್ಚಿನವರಿಗೆ ಇಲ್ಲವೇ ಇಲ್ಲ. ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಕ್ಲಬ್ಬುಗಳ ಲೆಕ್ಕಪತ್ರ ನೋಡಿ. ಬರುವ ದುಡ್ಡಿನಲ್ಲಿ ಅರ್ಧಕ್ಕಿಂತ ಹೆಚ್ಚು ಸಂಬಳಕ್ಕೆ ಹೋಗುತ್ತದೆ, ಆಮೇಲೆ ಆಟಗಾರರ ಖರೀದಿ, ಏಜೆಂಟರ ಕಮಿಷನ್. ವರ್ಷದ ಕೊನೆಗೆ ಬಹಳಷ್ಟು ಕ್ಲಬ್ಬುಗಳ ಪುಸ್ತಕದಲ್ಲಿ ನಷ್ಟವೇ. ಚೆಲ್ಸಿಯ ಹೊಸ ಮಾಲೀಕರಂತೂ ಲೆಕ್ಕ ಸರಿದೂಗಿಸೋಕೆ ತಮ್ಮದೇ ಸ್ಟೇಡಿಯಂ ಆವರಣದ ಎರಡು ಹೋಟೆಲ್‌ಗಳನ್ನು ತಮ್ಮದೇ ಇನ್ನೊಂದು ಕಂಪನಿಗೆ 7.65 ಕೋಟಿ ಪೌಂಡಿಗೆ ಮಾರಿದರು. ಸಾಲದೆ ಮಹಿಳಾ ತಂಡವನ್ನೂ ಹಾಗೇ ಮಾರಿ, ಆ ಬೆಲೆಯನ್ನು ಲಾಭ ಅಂತ ಬರೆದುಕೊಂಡರು. ಬಲಗೈ ಜೇಬಿನಿಂದ ತೆಗೆದು ಎಡಗೈ ಜೇಬಿಗೆ ಹಾಕಿ, "ನೋಡಿ, ಆದಾಯ ಬಂತು" ಅಂದ ಹಾಗೆ. ಲೀಗಿನ ಆಗಿನ ನಿಯಮದಲ್ಲಿ ಅದಕ್ಕೆ ಅಡ್ಡಿ ಇರಲಿಲ್ಲ, ಅದೇ ಸೋಜಿಗ.

ಹಾಗಾದ್ರೆ ನಷ್ಟದ ಅಂಗಡಿಗೆ ಇಷ್ಟು ಬೆಲೆ ಯಾಕೆ?

ಮೂಲೆ ಸೈಟಿನ ಲೆಕ್ಕ

ಬೆಂಗಳೂರಿನಲ್ಲಿ ಇರೋರಿಗೆ ಇದನ್ನು ವಿವರಿಸೋದು ಸುಲಭ. ಜಯನಗರದಲ್ಲೋ ಬಸವನಗುಡಿಯಲ್ಲೋ ಹಳೇ ಮನೆ ಇರುವ ಒಂದು ಮೂಲೆ ಸೈಟು ಅಂದುಕೊಳ್ಳಿ. ಅದರ ಬಾಡಿಗೆಗೂ ಅದರ ಬೆಲೆಗೂ ಸಂಬಂಧವೇ ಇರೋದಿಲ್ಲ. ಬಾಡಿಗೆ ನೋಡಿ ಯಾರೂ ಅದನ್ನು ಕೊಳ್ಳೋದೂ ಇಲ್ಲ. ಅಂಥ ಸೈಟು ಇನ್ನೊಂದು ಹುಟ್ಟೋದಿಲ್ಲ, ಹತ್ತು ವರ್ಷ ಬಿಟ್ಟು ತನಗಿಂತ ದುಡ್ಡಿರೋನೊಬ್ಬ ಬಂದೇ ಬರ್ತಾನೆ ಅನ್ನೋ ನಂಬಿಕೆಯಿಂದ ಕೊಳ್ತಾರೆ. ಪ್ರೀಮಿಯರ್ ಲೀಗಿನಲ್ಲಿ ಇರೋದು ಇಪ್ಪತ್ತೇ ಸೈಟು. ಸಾವಿರ ಕೋಟಿ ಸುರಿದರೂ ಇನ್ನೊಂದು ಲಿವರ್‌ಪೂಲ್ ಕಟ್ಟೋಕಾಗಲ್ಲ. 2010ರಲ್ಲಿ ಆ ಲಿವರ್‌ಪೂಲ್ ಸಾಲದಲ್ಲಿ ಮುಳುಗಿದ್ದಾಗ ಅಮೆರಿಕದವರು ಸುಮಾರು 30 ಕೋಟಿ ಪೌಂಡಿಗೆ ಕೊಂಡರು. ಈಗ ಆ ಬೆಲೆಗೆ ಅದರ ಒಂದು ಮೂಲೆಯೂ ಸಿಗಲಿಕ್ಕಿಲ್ಲ.

ಬೆಲೆ ಏರಿಸಿದ ಇನ್ನೊಂದು ಕೈ ಟೀವಿಯದು. 1992ರಲ್ಲಿ ಪ್ರೀಮಿಯರ್ ಲೀಗ್ ಶುರುವಾದಾಗ ಐದು ವರ್ಷದ ಪ್ರಸಾರದ ಹಕ್ಕು 30.4 ಕೋಟಿ ಪೌಂಡಿಗೆ ಹೋಗಿತ್ತು. ಆಗ ಅದೇ ದೊಡ್ಡ ಸುದ್ದಿ. 2025ರಿಂದ ನಾಲ್ಕು ವರ್ಷಕ್ಕೆ ಬ್ರಿಟನ್ ಒಂದರಲ್ಲೇ ಅದು 670 ಕೋಟಿ ಪೌಂಡು. ಹೊರದೇಶದ ಹಕ್ಕುಗಳ ದುಡ್ಡು ಬೇರೆ. ಶನಿವಾರ ಸಂಜೆ ನೀವು ಫೋನಿನಲ್ಲಿ ಆರ್ಸೆನಲ್ ಮ್ಯಾಚ್ ನೋಡ್ತೀರಲ್ಲ, ಆ ಚಂದಾದಲ್ಲೂ ಒಂದಿಷ್ಟು ಪೈಸೆ ಸುತ್ತು ಹಾಕಿ ಅಲ್ಲಿಗೇ ಸೇರುತ್ತದೆ.

ಅಮೆರಿಕದ ಶ್ರೀಮಂತರು ಇಂಗ್ಲೆಂಡಿಗೆ ಸಾಲುಗಟ್ಟಿ ಬರೋದಕ್ಕೂ ಕಾರಣ ಇದೆ. ಅವರ ದೇಶದ ಫುಟ್‌ಬಾಲ್, ಅಂದ್ರೆ ಕೈಯಲ್ಲಿ ಚೆಂಡು ಹಿಡಿದು ಓಡುವ ಆ ಎನ್‌ಎಫ್‌ಎಲ್ ಆಟ, ಇದಕ್ಕಿಂತ ಭದ್ರವಾದ ವ್ಯಾಪಾರ. ಜೆರಿ ಜೋನ್ಸ್ 1989ರಲ್ಲಿ ಡಲ್ಲಾಸ್ ಕೌಬಾಯ್ಸ್ ತಂಡವನ್ನು 14 ಕೋಟಿ ಡಾಲರಿಗೆ ಕೊಂಡರು. 2024ರಲ್ಲಿ ಫೋರ್ಬ್ಸ್ ಪತ್ರಿಕೆಯ ಅಂದಾಜಿನಲ್ಲಿ ಅದರ ಬೆಲೆ ಸಾವಿರ ಕೋಟಿ ಡಾಲರ್ ದಾಟಿತು. ಅಲ್ಲಿ 32 ತಂಡ, ಟೀವಿ ದುಡ್ಡು ಎಲ್ಲರಿಗೂ ಸಮಪಾಲು, ಸೋತರೂ ಕೆಳಗಿನ ಲೀಗಿಗೆ ಬೀಳೋ ಭಯ ಇಲ್ಲ. ಇಂಗ್ಲೆಂಡಿನಲ್ಲಿ ಹಾಗಲ್ಲ, ಕೊನೆಯ ಮೂರು ತಂಡ ಪ್ರತಿ ವರ್ಷ ಕೆಳಗೆ ಬೀಳುತ್ತವೆ. ಆ ಭಯವನ್ನೇ ತೆಗೆದುಹಾಕೋಣ ಅಂತ 2021ರ ಏಪ್ರಿಲ್‌ನಲ್ಲಿ ಹನ್ನೆರಡು ದೊಡ್ಡ ಕ್ಲಬ್ಬುಗಳು ಸೇರಿ ಸೂಪರ್ ಲೀಗ್ ಘೋಷಿಸಿದವು. ಅದರಲ್ಲಿ ಆರು ಇಂಗ್ಲೆಂಡಿನವು. ಅಭಿಮಾನಿಗಳು ಬೀದಿಗಿಳಿದರು. ಎರಡೇ ದಿನದಲ್ಲಿ ಆರೂ ಕ್ಲಬ್ಬು ಹಿಂದೆ ಸರಿದವು. ನನ್ನ ಪ್ರಕಾರ ಮಾಲೀಕರು ಮನಸ್ಸಿನಲ್ಲಿರೋದನ್ನು ಇಷ್ಟು ಬಾಯಿಬಿಟ್ಟು ಹೇಳಿದ ದಿನ ಇನ್ನೊಂದಿಲ್ಲ.

ಮನೆಯೇ ಕಟ್ಟುವ ಇಎಂಐ

ಎಲ್ಲಕ್ಕಿಂತ ಹೆಚ್ಚು ನನ್ನನ್ನು ಕಾಡೋ ಕಥೆ ಮ್ಯಾಂಚೆಸ್ಟರ್ ಯುನೈಟೆಡ್‌ನದು. ನಮ್ಮ ಆಫೀಸಿನಲ್ಲೊಬ್ಬ ಗೆಳೆಯನಿದ್ದಾನೆ, ಯುನೈಟೆಡ್‌ನ ಭಕ್ತ. ತಂಡ ಸೋತ ಮಾರನೇ ದಿನ ಅವನ ಹತ್ತಿರ ಕೆಲಸದ ಮಾತು ಆಡೋ ಹಾಗಿಲ್ಲ. "ಗ್ಲೇಜರ್‌ಗಳು ತೊಲಗಬೇಕು ಮಾರಾಯ" ಅನ್ನೋದು ಅವನ ಬೆಳಗಿನ ಕಾಫಿ ಜೊತೆಯ ಮಂತ್ರ. ಬೈಗುಳ ಗೊತ್ತು, ಬೈಯೋ ಕಾರಣ ಬಹಳ ಜನಕ್ಕೆ ಸ್ಪಷ್ಟವಿಲ್ಲ. ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳ್ತೀನಿ.

2005ರಲ್ಲಿ ಅಮೆರಿಕದ ಮಾಲ್ಕಮ್ ಗ್ಲೇಜರ್ ಯುನೈಟೆಡ್ ಕ್ಲಬ್ಬನ್ನು 79 ಕೋಟಿ ಪೌಂಡಿಗೆ ಕೊಂಡರು. ಅದರಲ್ಲಿ ಬಹುಪಾಲು ಸಾಲ. ಸಾಲ ಮಾಡಿ ಕೊಳ್ಳೋದು ತಪ್ಪೇನಲ್ಲ, ನಾವೂ ಫ್ಲ್ಯಾಟು ಹಾಗೇ ತಾನೇ ಕೊಳ್ಳೋದು? ವ್ಯತ್ಯಾಸ ಏನಂದ್ರೆ, ನಾವು ತಗೊಂಡ ಸಾಲ ನಮ್ಮ ಹೆಸರಲ್ಲಿರುತ್ತೆ, ಸಂಬಳದಿಂದ ಕಟ್ಟಬೇಕು, ಕಂತು ತಪ್ಪಿದರೆ ಫೋನು ಬರೋದು ನಮಗೇ. ಇಲ್ಲಿ ಸಾಲದ ದೊಡ್ಡ ಪಾಲು ಬಂದು ಕೂತಿದ್ದು ಕ್ಲಬ್ಬಿನ ಹೆಸರಲ್ಲಿ. ಅಲ್ಲಿಯವರೆಗೆ ಸಾಲವೇ ಇಲ್ಲದಿದ್ದ ಕ್ಲಬ್ಬು, ತನ್ನನ್ನು ಕೊಂಡವರ ಸಾಲವನ್ನು ತಾನೇ ಹೊತ್ತು, ತನ್ನ ಆದಾಯದಿಂದಲೇ ಬಡ್ಡಿ ಕಟ್ಟೋಕೆ ಶುರುಮಾಡಿತು. ಟಿಕೆಟ್, ಟೀವಿ, ಜೆರ್ಸಿ, ಪ್ರಾಯೋಜಕರು, ಎಲ್ಲಿಂದ ಬಂದ ದುಡ್ಡಾದರೂ ಅದರಲ್ಲಿ ಬಡ್ಡಿಗೊಂದು ಪಾಲು. ವ್ಯಾಪಾರ ಜಗತ್ತಿನಲ್ಲಿ ಇದಕ್ಕೆ ಲೆವರೇಜ್ಡ್ ಬೈಔಟ್ ಅಂತ ಗಂಭೀರವಾದ ಹೆಸರಿದೆ. ಕಾನೂನು ಪ್ರಕಾರ ಎಲ್ಲ ಸರಿ.

ಬೇರೆ ಯಾವ ಕಂಪನಿ ಹೀಗೆ ಮಾಡಿದ್ರೂ ಗಿರಾಕಿ ಎದ್ದು ಹೋಗಬಹುದು. ಸೋಪು ದುಬಾರಿಯಾದರೆ ಇನ್ನೊಂದು ಸೋಪು. ಆದರೆ ಯುನೈಟೆಡ್ ಅಭಿಮಾನಿ ಸಿಟ್ಟು ಬಂತು ಅಂತ ಮ್ಯಾಂಚೆಸ್ಟರ್ ಸಿಟಿಗೆ ಹೋಗ್ತಾನಾ? ಜೀವ ಹೋದರೂ ಇಲ್ಲ. ಎಷ್ಟು ಬಾಡಿಗೆ ಏರಿಸಿದರೂ ಮನೆ ಖಾಲಿ ಮಾಡದ ಬಾಡಿಗೆದಾರ ಅವನು. ಈ ವ್ಯಾಪಾರದ ನಿಜವಾದ ಆಸ್ತಿ ಸ್ಟೇಡಿಯಂ ಅಲ್ಲ, ಆಟಗಾರರೂ ಅಲ್ಲ, ಈ ಬಾಡಿಗೆದಾರನೇ ಅಂತ ನನಗನ್ನಿಸುತ್ತೆ.

ಕೆಲವರು ಮಾತ್ರ ನಿಜಕ್ಕೂ ಎದ್ದು ಹೋದರು. 2005ರಲ್ಲೇ ಒಂದಷ್ಟು ಅಭಿಮಾನಿಗಳು ಸೇರಿ ಎಫ್‌ಸಿ ಯುನೈಟೆಡ್ ಆಫ್ ಮ್ಯಾಂಚೆಸ್ಟರ್ ಅನ್ನೋ ಸ್ವಂತ ಕ್ಲಬ್ಬು ಕಟ್ಟಿ, ಕೆಳಗಿನ ಲೀಗಿನಿಂದ ಶುರುಮಾಡಿದರು. ಉಳಿದವರು 2010ರಲ್ಲಿ ಕ್ಲಬ್ಬಿನ ಹಳೇ ಬಣ್ಣಗಳಾದ ಹಸಿರು-ಬಂಗಾರದ ಶಾಲು ಹೊದ್ದು ಪ್ರತಿಭಟಿಸಿದರು. ಎದುರಾಳಿ ತಂಡದಲ್ಲಿ ಆಡೋಕೆ ಬಂದಿದ್ದ ಡೇವಿಡ್ ಬೆಕಮ್ ಕೂಡ ಮ್ಯಾಚ್ ಮುಗಿದ ಮೇಲೆ ಆ ಶಾಲು ಕೊರಳಿಗೆ ಹಾಕ್ಕೊಂಡ.

ಮಾಲೀಕರು ಕದಲಲಿಲ್ಲ. 2012ರಲ್ಲಿ ನ್ಯೂಯಾರ್ಕ್ ಷೇರುಪೇಟೆಯಲ್ಲಿ ಷೇರಿಗೆ 14 ಡಾಲರಿನಂತೆ ಒಂದು ಸಣ್ಣ ಪಾಲು ಮಾರಿದರು. ಆದರೆ ಜನ ಕೊಂಡ ಷೇರಿಗೆ ಒಂದು ಓಟು, ಕುಟುಂಬದ ಷೇರಿಗೆ ಹತ್ತು ಓಟು. ಮರುವರ್ಷ ಅಲೆಕ್ಸ್ ಫರ್ಗ್ಯುಸನ್ ಲೀಗ್ ಗೆದ್ದುಕೊಟ್ಟು ನಿವೃತ್ತರಾದರು, ಆಮೇಲೆ ತಂಡ ಲೀಗ್ ಗೆದ್ದೇ ಇಲ್ಲ. ಕ್ಲಬ್ಬಿನ ಬೆಲೆ? ಅದು ಏರ್ತಾನೇ ಹೋಯ್ತು. 2024ರ ಫೆಬ್ರುವರಿಯಲ್ಲಿ ಬ್ರಿಟನ್ನಿನ ಉದ್ಯಮಿ ಜಿಮ್ ರ‍್ಯಾಟ್‌ಕ್ಲಿಫ್ ಕಾಲುಭಾಗಕ್ಕಿಂತ ಸ್ವಲ್ಪ ಹೆಚ್ಚು ಪಾಲು ಕೊಂಡಾಗ ಷೇರಿಗೆ ಕೊಟ್ಟದ್ದು 33 ಡಾಲರು. ಮೈದಾನದಲ್ಲಿ ಸೋಲು, ಪೇಟೆಯಲ್ಲಿ ಗೆಲುವು.

ಅದೇ ವರ್ಷದ ಮೇ ತಿಂಗಳಲ್ಲಿ ಆರ್ಸೆನಲ್ ವಿರುದ್ಧದ ಮ್ಯಾಚಿನ ದಿನ ಜೋರು ಮಳೆ ಬಂದು ಓಲ್ಡ್ ಟ್ರಾಫರ್ಡ್ ಛಾವಣಿಯಿಂದ ಜಲಪಾತದ ಹಾಗೆ ನೀರು ಸುರಿಯಿತು, ವಿಡಿಯೊ ನೀವೂ ನೋಡಿರ್ತೀರಿ. ಆಮೇಲೆ ಖರ್ಚು ಉಳಿಸುವ ಕಾಲ. ಸುಮಾರು 250 ಮಂದಿ ಕೆಲಸ ಕಳೆದುಕೊಂಡರು. 2025ರ ಆರಂಭದಲ್ಲಿ ಇನ್ನೂ 200 ಹುದ್ದೆಗಳವರೆಗೆ ಹೋಗಬಹುದು ಅಂತ ಪ್ರಕಟಣೆ ಬಂತು. ಓಲ್ಡ್ ಟ್ರಾಫರ್ಡ್ ಸಿಬ್ಬಂದಿಗೆ ಸಿಗ್ತಿದ್ದ ಬಿಟ್ಟಿ ಊಟವನ್ನು ನಿಲ್ಲಿಸಿ ಹಣ್ಣು ಕೊಡ್ತೀವಿ ಅಂದರು. ಸೀಸನ್ ನಡುವೆಯೇ ಉಳಿದ ಟಿಕೆಟ್‌ಗಳ ಕನಿಷ್ಠ ಬೆಲೆ 66 ಪೌಂಡು ಮಾಡಿ, ಮಕ್ಕಳಿಗೂ ಹಿರಿಯರಿಗೂ ಇದ್ದ ರಿಯಾಯಿತಿ ತೆಗೆದರು. ನೂರಾರು ಕೋಟಿ ಪೌಂಡಿನ ಬೆಲೆಯ ಸಂಸ್ಥೆ ಕ್ಯಾಂಟೀನ್ ಊಟದಲ್ಲಿ ದುಡ್ಡು ಉಳಿಸೋದು ಯಾಕೆ ಅಂತ ಕೇಳಬಹುದು. ಬೆಲೆ ಅನ್ನೋದು ಮಾರಿದಾಗ ಮಾಲೀಕನ ಕೈಗೆ ಸಿಗೋ ದುಡ್ಡು. ಅಲ್ಲಿಯವರೆಗೆ ತಿಂಗಳ ಖರ್ಚು ಕ್ಲಬ್ಬಿನ ಕೈಯಿಂದಲೇ ಹೋಗಬೇಕು, ಬಡ್ಡಿಯೂ ಸೇರಿ.

ನಮ್ಮವರೂ ಇದ್ದಾರೆ

ಇದೆಲ್ಲ ಬಿಳಿಯರ, ಅರಬರ ಆಟ ಅಂದುಕೊಳ್ಳಬೇಡಿ. ಕೋಳಿ ಉದ್ಯಮದಲ್ಲಿ ಹೆಸರಾದ ಪುಣೆಯ ವೆಂಕೀಸ್ ಗುಂಪು 2010ರ ನವೆಂಬರಿನಲ್ಲಿ ಬ್ಲ್ಯಾಕ್‌ಬರ್ನ್ ರೋವರ್ಸ್ ಕ್ಲಬ್ಬನ್ನು 2.3 ಕೋಟಿ ಪೌಂಡಿಗೆ ಕೊಂಡಿತು. 1995ರ ಚಾಂಪಿಯನ್ ಅದು. ಬಂದ ತಿಂಗಳಲ್ಲೇ ಅನುಭವಿ ಮ್ಯಾನೇಜರನ್ನು ತೆಗೆದರು, 2012ರಲ್ಲಿ ತಂಡ ಪ್ರೀಮಿಯರ್ ಲೀಗಿನಿಂದ ಕೆಳಗೆ ಬಿತ್ತು. ಆ ದಿನ ಯಾರೋ ಅಭಿಮಾನಿ ಕ್ಲಬ್ಬಿನ ಬಾವುಟ ಹೊದಿಸಿದ ಕೋಳಿಯೊಂದನ್ನು ಮೈದಾನಕ್ಕೆ ಬಿಟ್ಟಿದ್ದ. ನಗು ಬರುತ್ತೆ, ಆದರೆ ಎಲ್ಲರಿಗೂ ಬೆಲೆ ಏರಲ್ಲ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಮೇಲಿನ ಇಪ್ಪತ್ತರಲ್ಲಿ ಇದ್ದರೆ ಸೈಟು, ಕೆಳಗೆ ಬಿದ್ದರೆ ಪ್ರತಿ ವರ್ಷ ದುಡ್ಡು ಸುರಿಯಬೇಕಾದ ಬಾವಿ. ಇಷ್ಟು ಬೈಸಿಕೊಂಡೂ ವರ್ಷಾನುಗಟ್ಟಲೆ ದುಡ್ಡು ಕಳಿಸುತ್ತಾ ಬಂದವರನ್ನು ಬರೀ ಖಳನಾಯಕರು ಅನ್ನೋಕೂ ನನಗೆ ಮನಸ್ಸು ಬರಲ್ಲ.

ನಮ್ಮೂರಿನ ಬೆಂಗಳೂರು ಎಫ್‌ಸಿಯ ಸ್ಥಿತಿಯನ್ನೂ ನೋಡಿ. 2013ರಲ್ಲಿ ಜೆಎಸ್‌ಡಬ್ಲ್ಯೂ ಗುಂಪು ಕಟ್ಟಿದ ತಂಡ, ಮೊದಲ ಸೀಸನ್ನಿನಲ್ಲೇ ಐ-ಲೀಗ್ ಗೆದ್ದಿತು, 2019ರಲ್ಲಿ ಐಎಸ್‌ಎಲ್ ಕೂಡ. ಕಂಠೀರವದಲ್ಲಿ ವೆಸ್ಟ್ ಬ್ಲಾಕ್ ಹುಡುಗರ ಕೂಗು ಕೇಳಿದವರಿಗೆ ಅಭಿಮಾನಕ್ಕೇನೂ ಕೊರತೆ ಇಲ್ಲ ಅಂತ ಗೊತ್ತು. ಆದರೆ 2025ರ ಜುಲೈನಲ್ಲಿ ಫುಟ್‌ಬಾಲ್ ಫೆಡರೇಷನ್ ಮತ್ತು ಲೀಗ್ ನಡೆಸುವ ಕಂಪನಿ ನಡುವಿನ ಒಪ್ಪಂದ ನವೀಕರಣ ಆಗದೆ ಐಎಸ್‌ಎಲ್ ನಿಂತುಹೋಯಿತು. ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ತನ್ನ ಮೊದಲ ತಂಡದ ಆಟಗಾರರು, ಸಿಬ್ಬಂದಿಯ ಸಂಬಳವನ್ನೇ ತಡೆಹಿಡಿಯಿತು. ಅಲ್ಲಿ ಬೆಲೆ ಆಕಾಶಕ್ಕೆ, ಇಲ್ಲಿ ಆಗ ಸಂಬಳಕ್ಕೇ ದಾರಿ ಇರಲಿಲ್ಲ. ಕ್ಲಬ್ಬಿನ ಬೆಲೆ ಅಂತ ನಾವು ಕರೆಯೋದರಲ್ಲಿ ಬಹುಪಾಲು ಲೀಗಿನ ಬೆಲೆ, ಟೀವಿ ಒಪ್ಪಂದದ ಬೆಲೆ.

ಚೆಲ್ಸಿಗೆ ಹಿಂತಿರುಗಿ ಒಂದು ಮಾತು. ಅಬ್ರಮೋವಿಚ್ ತಮ್ಮ ಕಾಲದಲ್ಲಿ ಕ್ಲಬ್ಬಿಗೆ ಸಾಲವಾಗಿ ಕೊಟ್ಟದ್ದು ಸುಮಾರು 150 ಕೋಟಿ ಪೌಂಡು. ಉಕ್ರೇನ್ ಯುದ್ಧ ಶುರುವಾದ ಮೇಲೆ ಬ್ರಿಟಿಷ್ ಸರ್ಕಾರ ಅವರ ಮೇಲೆ ನಿರ್ಬಂಧ ಹಾಕಿತು, ಆ ಸಾಲ ಬೇಡ ಅಂದರು, ಮಾರಾಟದ ದುಡ್ಡು ಯುದ್ಧಸಂತ್ರಸ್ತರಿಗೆ ಹೋಗಲಿ ಅಂದರು. 250 ಕೋಟಿ ಪೌಂಡಿನ ಆ ಮೊತ್ತ ಯಾರಿಗೆ, ಯಾವ ಷರತ್ತಿನ ಮೇಲೆ ಹೋಗಬೇಕು ಅನ್ನೋ ಜಗಳದಲ್ಲಿ ಮೂರು ವರ್ಷ ದಾಟಿದರೂ ಬ್ಯಾಂಕಿನಲ್ಲೇ ಕೂತಿತ್ತು.

ಇನ್ನು ಒಂದು ಪೌಂಡಿನ ಕ್ಲಬ್ಬುಗಳ ಕಾಲ ಮುಗಿಯಿತು ಅಂದುಕೊಂಡಿರಾ? 2018ರ ಡಿಸೆಂಬರಿನಲ್ಲಿ ಬರಿ ಎಫ್‌ಸಿ ಮಾರಾಟವಾದದ್ದು ಒಂದೇ ಪೌಂಡಿಗೆ. ಓಲ್ಡ್ ಟ್ರಾಫರ್ಡ್‌ನಿಂದ ಗಾಡಿಯಲ್ಲಿ ಅರ್ಧ ಗಂಟೆ ದಾರಿ ಅಷ್ಟೇ. 1885ರಲ್ಲಿ ಹುಟ್ಟಿ, ಎರಡು ಸಲ ಎಫ್‌ಎ ಕಪ್ ಗೆದ್ದ ಕ್ಲಬ್ಬು. ಹೊಸ ಮಾಲೀಕರು ದುಡ್ಡಿನ ದಾರಿ ತೋರಿಸಲಿಲ್ಲ ಅಂತ 2019ರ ಆಗಸ್ಟ್ 27ರಂದು ಲೀಗಿನಿಂದ ಹೊರಹಾಕಿದರು. ಇಂಥವೇ ಪ್ರಕರಣಗಳ ನಂತರ 2025ರಲ್ಲಿ ಬ್ರಿಟಿಷ್ ಸಂಸತ್ತು ಕಾನೂನು ಮಾಡಿ ಫುಟ್‌ಬಾಲ್‌ಗೆ ಸ್ವತಂತ್ರ ನಿಯಂತ್ರಕರನ್ನು ತಂದಿತು. ಇನ್ನು ಮುಂದೆ ಕ್ಲಬ್ಬು ಕೊಳ್ಳೋರು ದುಡ್ಡು ಎಲ್ಲಿಂದ ಬಂತು ಅಂತ ಅವರಿಗೂ ಲೆಕ್ಕ ಕೊಡಬೇಕು.

ಬರಿಯ ಜನ ಕಾಯುತ್ತಾ ಕೂರಲಿಲ್ಲ. ಅಭಿಮಾನಿಗಳೇ ಸೇರಿ ಹಳೇ ಮೈದಾನ ಗಿಗ್ ಲೇನ್ ಉಳಿಸಿಕೊಂಡರು. 2023ರಲ್ಲಿ ಒಂಬತ್ತನೇ ಹಂತದ ಲೀಗಿನಲ್ಲಿ, ಹಳ್ಳಿ ಹೋಬಳಿಗಳ ತಂಡಗಳ ನಡುವೆ, ಬರಿ ಎಫ್‌ಸಿ ಅನ್ನೋ ಹೆಸರು ಮತ್ತೆ ಆಡಿತು. 2025ರಲ್ಲಿ ಆ ಲೀಗು ಗೆದ್ದು ಒಂದು ಮೆಟ್ಟಿಲು ಮೇಲೆ ಹತ್ತಿದ್ದಾರೆ.